ಮುರಿಯದ ಹ್ಯಾಂಗರು

ಒಗೆದ ರಗ್ಗನ್ನು ಒಣಹಾಕಲು ಅಶ್ವತ್ಥಮ್ಮನವರಿಗೆ ಕುಂದಲಹಳ್ಳಿಯಲ್ಲಿ ಜಾಗವೇ ಇರಲಿಲ್ಲವೆಂದಲ್ಲ. ಅವರ ಗಂಡ ಲಕ್ಷ್ಮಯ್ಯ ರಾಗಿ ಹೊಲ ಮಾರಿ ಕಟ್ಟಿಸಿದ ಬಾಡಿಗೆ ಮನೆಗಳ ಸಾಲಿನ ಮುಂದೆ ಈ ತುದಿಯಿಂದ ಆ ತುದಿಗೆ ಹಗ್ಗ ಎಳೆದಿದ್ದರು. ಆದರೆ ಆ ಬೆಳಿಗ್ಗೆ ಬಾಡಿಗೆದಾರ ಕೊಟ್ರೇಶನ ಬಾಗಿಲ ಪಕ್ಕ ಗೋಡೆಗೆ ಒರಗಿದ್ದ ಹೊಸ ನಮೂನೆಯ ಸೈಕಲ್ಲು ಅವರ ಕಣ್ಣಿಗೆ ಬಿತ್ತು. ಅದರ ಅಗಲವಾದ ಹ್ಯಾಂಡಲ್ಲು ದೇವರೇ ರಗ್ಗಿಗಾಗಿ ಕಳಿಸಿಕೊಟ್ಟಂತೆ ಕಂಡಿತು. ನೀರು ಕುಡಿದು ಕರುವಿನ ಭಾರವಾಗಿದ್ದ ರಗ್ಗು ಹ್ಯಾಂಡಲ್ ಏರಿತು, ಸೈಕಲ್ಲು ಬಲಕ್ಕೆ ವಾಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು.

ಸದ್ದಿಗೆ ಓಡಿಬಂದ ಕೊಟ್ರೇಶನ ಮುಖದಲ್ಲಿ ರಕ್ತ ಇರಲಿಲ್ಲ.

“ಏನೂ ಆಗಿಲ್ಲ ಬುಡಪ್ಪ. ರಗ್ಗು ಸ್ವಲ್ಪ ಮಣ್ಣಾಯ್ತು, ಅಷ್ಟೆ” ಎಂದು ಅಶ್ವತ್ಥಮ್ಮ ಸಮಾಧಾನ ಹೇಳಿದರು.

ಅದು ಮೌಂಟನ್ ಬೈಕು. ಬೆಟ್ಟ ಹತ್ತುವುದಕ್ಕೆಂದೇ ಅಮೆರಿಕದವರು ಮಾಡಿದ್ದು. ತೊಂಬತ್ತೇಳನೇ ಇಸವಿಯ ವೈಟ್‌ಫೀಲ್ಡಿನಲ್ಲಿ ಬೆಟ್ಟಗಳಿರಲಿಲ್ಲ. ಕಂಪ್ಯೂಟರ್ ಕಂಪನಿಗಳಿಗಾಗಿ ಅಗೆದು ಸುರಿದ ಮಣ್ಣಿನ ಗುಡ್ಡೆಗಳಿದ್ದವು, ದೊಡ್ಡ ಸಾಹೇಬರುಗಳಿಗೆ ಹತ್ತಲು ಅಷ್ಟೇ ಸಾಕಾಗಿತ್ತು. ಕೊಟ್ರೇಶ ಕೆಲಸ ಮಾಡುತ್ತಿದ್ದ ಪಂಪು ಕಾರ್ಖಾನೆಯ ಜನರಲ್ ಮ್ಯಾನೇಜರ್ ಗುರುರಾಜ್ ಹಿಂದಿನ ಸಂಜೆ ಇದನ್ನು ಅವನ ಕೈಗೆ ಕೊಟ್ಟು, “ನಾಳೆ ನಿಮಗೆ ವೀಕ್ಲಿ ಆಫ್ ಅಲ್ವೇನ್ರೀ? ಚೆನ್ನಾಗಿ ಒರೆಸಿ, ಎಣ್ಣೆ ಹಾಕಿ ಇಡಿ. ಸಂಜೆ ನಾನೇ ಬಂದು ತಗೊಂಡು ಹೋಗ್ತೀನಿ. ಹುಷಾರು” ಎಂದಿದ್ದರು.

ಯಾರ ಸೈಕಲ್ಲು ಎಂದು ಅವರು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಅದರ ಮೇಲೆ ಕೂತು ಕಾರ್ಖಾನೆಯ ಅಂಗಳದಲ್ಲಿ ಮೂರು ಸುತ್ತು ಹಾಕಿದವರು ಅವರೇ ಆದ್ದರಿಂದ ಅವರದೇ ಎಂದು ಗೇಟಿನ ನಾಯಿಗೂ ತಿಳಿದಿತ್ತು.

ಕೊಟ್ರೇಶನಿಗೆ ಇದು ಬರೀ ಸೈಕಲ್ಲಲ್ಲ. ಅವನು ಎರಡು ವರ್ಷದಿಂದ ಪ್ರೊಬೇಷನ್ನಿನಲ್ಲಿದ್ದ. ಆರು ತಿಂಗಳಿಗೊಮ್ಮೆ ಕಂಪನಿ ಅವನ ಕೆಲಸವನ್ನು ಬಾಯ್ತುಂಬ ಹೊಗಳಿ ಪ್ರೊಬೇಷನ್ನನ್ನು ಇನ್ನಾರು ತಿಂಗಳು ಮುಂದುವರಿಸುತ್ತಿತ್ತು. ಹರಿಹರದಲ್ಲಿ ಅವನು ಮೆಚ್ಚಿ ಬಂದಿದ್ದ ಹುಡುಗಿ ಸೌಮ್ಯಾಳ ತಂದೆ, “ಹುಡುಗ ಪರ್ಮನೆಂಟ್ ಆಗಲಿ, ಆಮೇಲೆ ಮುಂದಿನ ಮಾತು” ಎಂದು ಎಲೆ ಅಡಿಕೆ ತಟ್ಟೆಯನ್ನು ಒಳಗಿಟ್ಟಿದ್ದರು. ಪರ್ಮನೆಂಟ್ ಮಾಡುವ ಕಾಗದ ಈಗ ಗುರುರಾಜರ ಸಹಿಗಾಗಿ ಕಾಯುತ್ತಿತ್ತು. ಹೀಗಿರುವಾಗ ಅವರು ಸೈಕಲ್ ಅಲ್ಲ, ಆನೆ ತೊಳೆಯಲು ಕೊಟ್ಟಿದ್ದರೂ ಅವನು ಮನೆಗೆ ಹೊಡೆದುಕೊಂಡು ಬರುತ್ತಿದ್ದ.

ಸೈಕಲ್ಲನ್ನು ಎತ್ತಿ ನಿಲ್ಲಿಸಿ ನೋಡಿದ. ಹಿಂದಿನ ಚಕ್ರದ ಪಕ್ಕ ಗೇರನ್ನು ನೇತುಹಾಕಿರುವ ಬೆರಳುದ್ದದ ಅಲ್ಯೂಮಿನಿಯಂ ತುಂಡೊಂದು ಇರುತ್ತದೆ. ಅದಕ್ಕೆ ಹ್ಯಾಂಗರ್ ಎನ್ನುತ್ತಾರೆ. ಅದು ಒಳಕ್ಕೆ ಬಗ್ಗಿ, ಗೇರು ಚಕ್ರದ ಕಡ್ಡಿಗಳಿಗೆ ಮುತ್ತಿಡುತ್ತಿತ್ತು.

ಅಷ್ಟರಲ್ಲಿ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಲಕ್ಷ್ಮಯ್ಯ ಬಂದರು. ಅವರು ಹೊಲ ಮಾರಿದ್ದರೇ ಹೊರತು ಟ್ರಾಕ್ಟರ್ ಮಾರಿರಲಿಲ್ಲ. ಉಳಲು ಹೊಲವಿಲ್ಲದ ಟ್ರಾಕ್ಟರನ್ನು ದಿನಾ ಬಿಚ್ಚಿ ಜೋಡಿಸುತ್ತಿದ್ದುದರಿಂದ ಯಂತ್ರಗಳ ವಿಷಯದಲ್ಲಿ ಅವರ ಮಾತೇ ಕೊನೆಯದು.

“ಇಷ್ಟೇ ತಾನೆ? ಇದುಕ್ಕೋಗಿ ಇಂಗ್ ಬೆವರ್ತೀಯಲ್ಲ ಸಾಮಿ. ನನ್ ಟ್ರಾಕ್ಟರ್ ಕೊಕ್ಕೆ ಇದಕ್ಕಿಂತ ಬಗ್ಗಿತ್ತು. ಪೈಪ್ ಆಕಿ ಒಂದ್ ಎಳ್ತ ಎಳುದ್ರೆ ಅಂಗೇ ನೆಟ್ಟಗಾಯ್ತದೆ.”

“ಬೇಡ ಲಕ್ಷ್ಮಯ್ಯನವರೇ, ಇದು ಅಮೆರಿಕದ್ದು.”

“ಅಮೇರಿಕದ್ದಾದ್ರೆ ಏನು, ಕಬ್ಣ ಕಬ್ಣಾನೇ.”

ಅದು ಕಬ್ಬಿಣವಲ್ಲ ಎಂದು ಹೇಳುವಷ್ಟರಲ್ಲಿ ಪೈಪು ಬಂದಿತ್ತು, ಎಳೆತವೂ ಮುಗಿದಿತ್ತು. ಲಟಕ್ ಎಂದಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾಯಿತು. ಹ್ಯಾಂಗರು ಎರಡು ತುಂಡಾಗಿ, ಗೇರು ಚೈನಿಗೆ ಜೋತುಬಿದ್ದು ತೂಗಾಡತೊಡಗಿತು.

ಲಕ್ಷ್ಮಯ್ಯ ಮುರಿದ ತುಂಡನ್ನು ಬಿಸಿಲಿಗೆ ಹಿಡಿದು ನೋಡಿದರು. “ಥೂ, ಎಂಥ ಮೋಸ. ಇಷ್ಟು ದಪ್ಪ ಸೈಕಲ್‌ಗೆ ಇಂಥ ಬೆಂಡಿನ ತುಂಡು ಮಡುಗವ್ರಲ್ಲ” ಎಂದು ತಪ್ಪನ್ನು ಅಮೆರಿಕದ ತಲೆಗೆ ಕಟ್ಟಿ, ಹಲ್ಲುಜ್ಜಲು ಹೋದರು.

ಕೊಟ್ರೇಶ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಸೈಕಲ್ ಶಾಪುಗಳ ಯಾತ್ರೆ ಹೊರಟ. ವರ್ತೂರಿನ ಅಂಗಡಿಯವನು ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಮಿಕ್ಸಿಯದು ಎಂದ. ಮಾರತ್ತಹಳ್ಳಿಯವನು ಅಮೆರಿಕಕ್ಕೆ ಕಾಗದ ಬರೆಯುವಂತೆ ಸಲಹೆ ಕೊಟ್ಟು, ಸಲಹೆಗೆ ದುಡ್ಡು ಬೇಡವೆಂದ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಅವನಿಗೆ ಪಕ್ಕದ ಮನೆಯ ಮುರಿಗೆಪ್ಪನವರ ನೆನಪಾಯಿತು. ಅದು ಬುದ್ಧಿ ಬಂದದ್ದು ಎಂದೇ ಅವನು ತಿಳಿದುಕೊಂಡ.

ಗೋಕಾಕದ ಕಡೆಯ ಮುರಿಗೆಪ್ಪ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫೋರ್‌ಮನ್. ಆ ಭಾಗದಲ್ಲಿ ಒಂದು ನಿಯಮವಿದೆ. ಯಾರ ಮನೆಯಲ್ಲಿ ಏನೇ ಮುರಿಯಲಿ, ಅಂಗಡಿಯಲ್ಲಿ ಕೊಳ್ಳುವುದು ಅವಮಾನ, ಟೂಲ್ ರೂಮಿನಲ್ಲಿ ಕಂಪನಿಯ ಉಕ್ಕಿನಲ್ಲಿ ಕಂಪನಿಯ ವೇಳೆಯಲ್ಲೇ ಮಾಡಿಸಬೇಕು. ಅಶ್ವತ್ಥಮ್ಮನವರ ಈಳಿಗೆಮಣೆಯ ಅಲಗು ವಿಮಾನಕ್ಕೆ ಹಾಕುವಂಥ ಉಕ್ಕಿನದು. ಬದನೆಕಾಯಿಯ ಜೊತೆಗೆ ಮಣೆಯನ್ನೂ ಕೊಯ್ಯುತ್ತಿತ್ತು.

ಆ ಕಾರ್ಖಾನೆಗೇ ಹೋಗಿ ಕಾಂಪೌಂಡಿನ ಸಂದಿಯಲ್ಲಿ ಕೊಟ್ರೇಶ ಚಾಚಿದ ತುಂಡನ್ನು ನೋಡಿ ಮುರಿಗೆಪ್ಪ ಮರುಕಪಟ್ಟರು.

“ಎಂಥಾ ಮಂದೀಪಾ ಇವರು. ಇಷ್ಟೆಲ್ಲಾ ಗಟ್ಟಿ ಫ್ರೇಮ್ ಮಾಡ್ಯಾರ, ಈ ಒಂದ್ ತುಂಡು ಮೇಣದಂಗ ಇಟ್ಟಾರ. ಡಿಸೈನ್ ಮಾಡಿದಾವ ನಿದ್ದಿಗಣ್ಣಾಗ ಮಾಡ್ಯಾನ. ನಾ ಮಾಡಿಕೊಡ್ತೀನಿ ತಗೋ ತಮ್ಮಾ. ಪರ್ಮನೆಂಟ್ ಕೆಲಸ.”

ಪರ್ಮನೆಂಟ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಕೊಟ್ರೇಶನ ಕಣ್ಣಲ್ಲಿ ನೀರಾಡಿತು. ಎರಡು ವರ್ಷದಿಂದ ಕಂಪನಿ ಕೊಡದಿದ್ದುದನ್ನು ಈ ಮನುಷ್ಯ ಕಾಂಪೌಂಡಿನ ಸಂದಿಯಲ್ಲಿ ಕೊಡುತ್ತಿದ್ದರು.

ಮೊದಲ ಪಾಳಿ ಮುಗಿಸಿ ಮುರಿಗೆಪ್ಪ ಹೊಸ ಹ್ಯಾಂಗರಿನೊಂದಿಗೆ ಮನೆಗೆ ಬಂದರು. ಟಿಫನ್ ಡಬ್ಬಿಯಲ್ಲಿ ಅರ್ಧ ರೊಟ್ಟಿ, ಅದರ ಕೆಳಗೆ ಬೆಳ್ಳುಳ್ಳಿ ಚಟ್ನಿ, ಅದರ ಕೆಳಗೆ ಹ್ಯಾಂಗರು. ಸೆಕ್ಯುರಿಟಿಯವನು ಮುಚ್ಚಳ ತೆಗೆದು, ಚಟ್ನಿಯ ಘಾಟಿಗೆ ಸೀನಿ, ಕೈಮುಗಿದು ಬಿಟ್ಟಿದ್ದ. ಹಳೆಯದು ಮೇಣವಾಗಿದ್ದರೆ ಇದು ಮೂರು ಪಟ್ಟು ದಪ್ಪದ, ಬೆಂಕಿಯಲ್ಲಿ ಕಾಯಿಸಿ ಎಣ್ಣೆಯಲ್ಲದ್ದಿ ಗಟ್ಟಿ ಮಾಡಿದ ಉಕ್ಕು. ಹಳೆಯದನ್ನು ಹಿಡಿದಿದ್ದ ಎರಡು ಪುಟಾಣಿ ಸ್ಕ್ರೂಗಳನ್ನು ಮುರಿಗೆಪ್ಪ ಅಸಹ್ಯದಿಂದ ಮೋರಿಗೆಸೆದರು. ಫ್ರೇಮಿಗೆ ದೊಡ್ಡ ತೂತು ಕೊರೆದು, ಬೋಲ್ಟು ಬಿಗಿದು, ಬಿಚ್ಚಲು ಬಾರದಂತೆ ಅದರ ತಲೆಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದರು.

“ಇನ್ನ ಇದು ಫ್ರೇಮಿಂದೇ ಭಾಗ. ಸೈಕಲ್ ಹೋದೀತು, ಈ ತುಂಡು ಹೋಗಂಗಿಲ್ಲ.”

ಗುರುರಾಜರು ಟ್ರ್ಯಾಕ್ ಪ್ಯಾಂಟು, ಹಸಿರು ಹೆಲ್ಮೆಟ್ಟು ಧರಿಸಿ ಬಂದಾಗ ಸೈಕಲ್ಲು ಮದುಮಗನಂತೆ ಮಿಂಚುತ್ತಿತ್ತು. ಬೆಳಗಿನ ವಿಷಯ ಬಾಯಿಬಿಡಬಾರದೆಂದು ಕೊಟ್ರೇಶ ತೀರ್ಮಾನಿಸಿದ್ದ. ಸಾಹೇಬರು ಬದಲಿಸಿ ನೋಡಿದರು, ಗೇರು ಟಿಕ್ ಎಂದಿತು. ಗುರುರಾಜರು, “ಪರವಾಗಿಲ್ವಲ್ರೀ ಕೊಟ್ರೇಶ್, ನೀಟಾಗಿ ಮಾಡಿದ್ದೀರ. ನಿಮ್ಮ ಕಾಗದ ಒಂದು ನನ್ನ ಟೇಬಲ್ ಮೇಲಿದೆ, ನೆನಪಿದೆ” ಎಂದರು. ಕೊಟ್ರೇಶನ ಮನಸ್ಸು ಆಗಲೇ ಹರಿಹರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿತ್ತು.

ಆಗ ಅಶ್ವತ್ಥಮ್ಮ ಅಡ್ಡ ಬಂದರು. “ಸ್ವಲ್ಪ ತಡೀರಿ ಸಾರ್. ಬೆಳಿಗ್ಗೆಯಿಂದ ಇದುಕ್ಕೆ ಊರೋರ ಕಣ್ಣೆಲ್ಲಾ ಬಿದ್ದದೆ. ದೃಷ್ಟಿ ತೆಗೀದೆ ಕಳ್ಸಬಾರ್ದು.”

ಬೆಳಿಗ್ಗೆ ಆ ಸೈಕಲ್ಲಿಗೆ ಬಿದ್ದದ್ದು ಕಣ್ಣಲ್ಲ, ರಗ್ಗು. ಆದರೆ ಅದನ್ನು ಹೇಳುವ ಸ್ಥಿತಿಯಲ್ಲಿ ಕೊಟ್ರೇಶ ಇರಲಿಲ್ಲ. ಅಶ್ವತ್ಥಮ್ಮ ಕುಂಕುಮ ಹಚ್ಚಿದ ಎರಡು ನಿಂಬೆಹಣ್ಣುಗಳನ್ನು ಚಕ್ರಗಳ ಮುಂದಿಟ್ಟು, “ಈಗ ಒತ್ಕೊಂಡು ವೋಗ್ಬುಡಿ” ಎಂದರು.

ಕಾರಿನ ಕೆಳಗೆ ನಿಂಬೆಹಣ್ಣು ಸುಮ್ಮನೆ ಪಿಚಕ್ಕೆನ್ನುತ್ತದೆ. ಸೈಕಲ್ಲಿನ ವಿಷಯದಲ್ಲಿ ಅದಕ್ಕೆ ಬೇರೆ ಅಭಿಪ್ರಾಯಗಳಿದ್ದವು. ಮೊದಲನೆಯದು ಜಾರಿತು, ಮುಂದಿನ ಚಕ್ರ ಎಡಕ್ಕೆ ಹೊರಳಿತು, ಹೆಲ್ಮೆಟ್ಟು ಬಲಕ್ಕೆ ಹಾರಿತು, ಗುರುರಾಜರು ಮೋರಿಯ ಪಕ್ಕ ಕೂತರು. ಸೈಕಲ್ಲು ಮಾತ್ರ ಬೆಳಗಿನ ಅದೇ ಕಲ್ಲಿನ ಮೇಲೆ ಅದೇ ಬಲಮಗ್ಗುಲಾಗಿ ಬಿತ್ತು.

ಸಾಹೇಬರ ಮಂಡಿ ತರಚಿತ್ತು, ಪ್ಯಾಂಟು ಹರಿದಿತ್ತು. ಎಲ್ಲರೂ ಅವರನ್ನು ಬಿಟ್ಟು ಸೈಕಲ್ಲಿನ ಕಡೆ ಓಡಿದರು. ಮುರಿಗೆಪ್ಪ ಬಗ್ಗಿ ನೋಡಿ ಹೆಮ್ಮೆಯಿಂದ ತಲೆ ಎತ್ತಿದರು. “ನೋಡ್ರಿ ಸರ, ಹ್ಯಾಂಗರಿಗೆ ಒಂದ್ ಗೀಟು ಸೈತ ಬಿದ್ದಿಲ್ಲ.”

ನಿಜ, ಹ್ಯಾಂಗರಿಗೆ ಏನೂ ಆಗಿರಲಿಲ್ಲ. ಅದು ತನ್ನನ್ನು ಹಿಡಿದಿದ್ದ ಫ್ರೇಮಿನ ಮೂಲೆಯನ್ನೇ ಹರಿದುಕೊಂಡು, ಬೋಲ್ಟಿನ ಸಮೇತ ಹೊರಬಂದಿತ್ತು. ಹಿಂದಿನ ಚಕ್ರ ನಿಲ್ಲಲು ಸೈಕಲ್ಲಿನಲ್ಲಿ ಜಾಗವೇ ಉಳಿದಿರಲಿಲ್ಲ.

ಗುರುರಾಜರು ಕುಂಟುತ್ತ ಬಂದು ಆ ಉಕ್ಕಿನ ತುಂಡನ್ನು ಎತ್ತಿಕೊಂಡರು. “ಇದನ್ನ ಯಾರು ಹಾಕಿದ್ದು?”

ಕೊಟ್ರೇಶ ರಗ್ಗಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಹೇಳುತ್ತಿದ್ದಂತೆ ಲಕ್ಷ್ಮಯ್ಯನವರಿಗೆ ಟ್ರಾಕ್ಟರಿನ ಕೆಲಸ ನೆನಪಾಯಿತು, ಅಶ್ವತ್ಥಮ್ಮನವರಿಗೆ ಒಲೆಯ ಮೇಲಿನ ಹಾಲು. ಮುರಿಗೆಪ್ಪನವರು ರಾತ್ರಿ ಊಟಕ್ಕೆ ರೊಟ್ಟಿ ಬಡಿಯಬೇಕೆಂದು ಹೊರಟರು. ಅವರ ಮನೆಯಲ್ಲಿ ರೊಟ್ಟಿ ಬಡಿಯುವುದು ಅವರ ಹೆಂಡತಿ. ಕ್ಷಣದಲ್ಲಿ ಅಂಗಳ ಖಾಲಿಯಾಯಿತು.

“ಅಲ್ಲಾ ಕಣ್ರೀ, ಆ ತುಂಡು ಇರೋದೇ ಮುರಿಯೋಕೆ” ಎಂದರು ಗುರುರಾಜ್. “ಹಳೇ ಸೈಕಲ್‌ಗಳಲ್ಲಿ ಅದು ಫ್ರೇಮ್‌ಗೇ ಫಿಕ್ಸ್ ಆಗಿರ್ತಿತ್ತಂತೆ. ಅದು ಹೋದ್ರೆ ಫ್ರೇಮೇ ಹೋದಂಗೆ. ಇದರಲ್ಲಿ ಬೇಕಂತಲೇ ಮೆತ್ತಗೆ ಮಾಡಿ ಬೇರೆ ಇಟ್ಟಿದಾರೆ. ಬಿದ್ದಾಗ ಅದು ಮುರಿದು ಫ್ರೇಮ್ ಉಳಿಸ್ಬೇಕು. ಎರಡು ಸ್ಕ್ರೂ ಬಿಚ್ಚು, ಇನ್ನೊಂದು ಹಾಕು, ಮುಗೀತು. ಅಂಥವು ಎಂಡಿಯವರ ಡ್ರಾಯರ್‌ನಲ್ಲಿ ಇನ್ನೂ ನಾಲ್ಕು ಬಿದ್ದಿವೆ.”

“ಎಂಡಿಯವರ ಡ್ರಾಯರ್‌ನಲ್ಲಾ ಸಾರ್?”

“ಮತ್ತೆ ಸೈಕಲ್ ಯಾರದು ಅಂದ್ಕೊಂಡ್ರಿ? ಅವರದೇ. ಸರ್ವೀಸ್ ಮಾಡಿಸ್ತೀನಿ ಅಂತ ನಾನೇ ಕೇಳಿ ಇಸ್ಕೊಂಡೆ. ಈ ವರ್ಷ ಡೈರೆಕ್ಟರ್ ಪೋಸ್ಟ್ ಖಾಲಿ ಆಗ್ತಿದೆ ನೋಡಿ.”

ಕೊಟ್ರೇಶನಿಗೆ ಎದೆಯ ಮೇಲಿನ ಬಂಡೆ ಅರ್ಧ ಇಳಿದಂತಾಯಿತು. ಸಾಹೇಬರೂ ತನ್ನ ಹಾಗೆಯೇ ಮೇಲಿನವರ ಸೈಕಲ್ ಒರೆಸುವ ಗಿರಾಕಿ. ಬೀಳಿಸಿದ್ದು ಅವರು, ಬಿಗಿಸಿದ್ದು ತಾನು, ಇಬ್ಬರೂ ಒಟ್ಟಿಗೆ ಹೋಗಿ ಬೈಸಿಕೊಂಡು ಬಂದರೆ ಮುಗಿಯಿತು. ಮೊದಲ ಬಾರಿಗೆ ಅವನಿಗೆ ಸಾಹೇಬರ ಮೇಲೆ ಪ್ರೀತಿ ಹುಟ್ಟಿತು. ಒಳಗೆ ಹೋಗಿ ಅವರ ಮಂಡಿಗೆ ಹಚ್ಚಲು ಅರಿಶಿನವನ್ನೂ ತಂದ.

ಗುರುರಾಜರು ಅರಿಶಿನ ಹಚ್ಚಿಸಿಕೊಳ್ಳುತ್ತ ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು.

“ಕೊಟ್ರೇಶ್, ನೀವಿನ್ನೂ ಪ್ರೊಬೇಷನ್‌ನಲ್ಲೇ ಇದ್ದೀರಲ್ವಾ?”

“ಹೌದು ಸಾರ್.”

“ಕಾಗದಕ್ಕೆ ನಾನಿನ್ನೂ ಸೈನ್ ಹಾಕಿಲ್ಲ?”

“ಇಲ್ಲ ಸಾರ್.”

ಗುರುರಾಜರು ಸಂಜೆಯಿಂದ ಮೊದಲ ಸಲ ಸರಾಗವಾಗಿ ಉಸಿರುಬಿಟ್ಟರು. “ಸದ್ಯ, ಹಾಗಾದ್ರೆ ತೊಂದ್ರೆ ಇಲ್ಲ. ಬೀಳಿಸಿದ್ದೂ ನೀವೇ ಅಂತ ಹೇಳಿ ನಾಳೆ ಬೆಳಿಗ್ಗೆ ಎಂಡಿ ಹತ್ರ ನೀವೊಬ್ರೇ ಹೋಗಿಬಿಡಿ.”