ಅದ್ಭುತ ಮಾಷ್ಟ್ರ ದೃಷ್ಟಿದೋಷ

ಮಕ್ಕಳನ್ನು ಹುರಿದುಂಬಿಸುವ ವಿದ್ಯೆಯಲ್ಲಿ ಇಡೀ ತಾಲೂಕಿಗೆ ನಾನೊಬ್ಬನೇ ಪಾರಂಗತನೆಂದು ಒಂದು ಕಾಲದಲ್ಲಿ ನಂಬಿದ್ದೆ. ಆ ಕಾಲವು ಸುಮಾರು ಒಂದು ವಾರ ನಡೆಯಿತು.

ತರಗತಿಯಿಂದ ಬೆತ್ತವು ಅಧಿಕೃತವಾಗಿ ನಿರ್ಗಮಿಸಿದ ಹೊಸತು. ಬೆತ್ತ ಹೋದ ಮೇಲೆ ಕೈಯಲ್ಲಿ ಏನನ್ನು ಹಿಡಿಯಬೇಕೆಂದು ತಿಳಿಯದೆ ನಾವೆಲ್ಲ ಸೀಮೆಸುಣ್ಣವನ್ನೇ ತಿರುವುತ್ತಿದ್ದ ದಿನಗಳಲ್ಲಿ ಕುಂದಾಪುರದಲ್ಲಿ ಶಿಕ್ಷಕರಿಗೊಂದು ತರಬೇತಿ ಏರ್ಪಟ್ಟಿತು. ಘಟ್ಟದ ಮೇಲಿನಿಂದ ಬಂದ ಅಧಿಕಾರಿಯೊಬ್ಬರು, ಹೊಗಳಿದರೆ ಮಗು ಗಿಡದಂತೆ ಚಿಗುರುತ್ತದೆ ಎಂದು ಬೋಧಿಸಿದರು. ಹೊಗಳುವಾಗ ಜಿಪುಣತನ ಕೂಡದು. ಕಣ್ಣರಳಿಸಿ, ಮಗುವನ್ನೇ ದಿಟ್ಟಿಸಿ, ತುಂಬು ಕಂಠದಿಂದ ‘ಅದ್ಭುತ!’ ಎನ್ನಬೇಕು.

ನಾನು ಎದ್ದು ನಿಂತು, ನಮ್ಮ ಕಡೆ ‘ಅಡ್ಡಿಲ್ಲೆ’ ಅನ್ನುತ್ತೇವೆ, ಅದು ಸಾಲದೇ ಎಂದು ಕೇಳಿದೆ. ಮದುವೆ ಊಟವನ್ನು ಹೊಟ್ಟೆ ಬಿರಿಯ ಉಂಡವನೂ, ನಿದ್ದೆಗೆಟ್ಟು ಬೆಳಗಿನವರೆಗೆ ಯಕ್ಷಗಾನ ನೋಡಿದವನೂ ನಮ್ಮಲ್ಲಿ ಕೊಡುವ ಪ್ರಶಸ್ತಿ ಅದೊಂದೇ. ಅದರ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ಅಧಿಕಾರಿಗಳ ಮುಖ ಸಪ್ಪಗಾಯಿತು. ಆ ಪದದಲ್ಲಿ ‘ಇಲ್ಲ’ ಎಂಬುದು ಅಡಗಿದೆಯೆಂದೂ, ತರಗತಿಯಲ್ಲಿ ‘ಇಲ್ಲ’ ಕೇಳಲೇಬಾರದೆಂದೂ ಅಪ್ಪಣೆಯಾಯಿತು. ಅಜ್ಜನ ಕಾಲದಿಂದ ಊರವರೆಲ್ಲ ಪರಸ್ಪರ ನಿರುತ್ಸಾಹಗೊಳಿಸುತ್ತಲೇ ಬದುಕಿದ್ದೆವಲ್ಲಾ ಎಂದು ನನಗೆ ನಾಚಿಕೆಯಾಯಿತು.

ಅದರ ಬೆನ್ನಿಗೇ, ತಾಲೂಕಿನ ಶಿಕ್ಷಕರೆದುರು ತಮ್ಮ ಶಾಲೆಯಲ್ಲೇ ಮಾದರಿ ಪಾಠ ಮಾಡುವವರು ಯಾರೆಂಬ ಪ್ರಶ್ನೆ ಬಂತು. ಎದ್ದು ನಿಂತಿದ್ದವನು ನಾನೊಬ್ಬನೇ. ಆಯ್ಕೆಯಾದೆ! ಪಾಠ ಚೆನ್ನಾಗಿ ಆದರೆ ನನ್ನನ್ನು ‘ಸಂಪನ್ಮೂಲ ವ್ಯಕ್ತಿ’ಯಾಗಿ ಮಾಡುವುದಾಗಿ ಅಧಿಕಾರಿಗಳು ಹೇಳಿದರು. ಮನೆಯಲ್ಲಿ ಬರೀ ‘ವ್ಯಕ್ತಿ’ ಎಂದೂ ಯಾರೂ ಪರಿಗಣಿಸದ ನನಗೆ ಸಂಪನ್ಮೂಲವೂ ಸೇರಿಕೊಳ್ಳುವ ಯೋಗ!

ವಿದ್ಯೆಯ ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ಊಟಕ್ಕೆ ಕುಳಿತು ಹೆಂಡತಿ ವಾರಿಜಳನ್ನು ದಿಟ್ಟಿಸಿ, ಕಣ್ಣರಳಿಸಿ, ‘ಹುಳಿ ಅದ್ಭುತ!’ ಎಂದೆ. ಅವಳು ಸಟ್ಟುಗ ಕೆಳಗಿಟ್ಟಳು.

“ಉಪ್ಪ್ ಜಾಸ್ತಿ ಆಯ್ತಾ? ಆದ್ರೆ ಬಾಯ್ಬಿಟ್ಟ್ ಹೇಳಿ ಮಾರಾಯ್ರೆ. ಕಣ್ಣ್ ಎಂತಕೆ ಹಾಂಗ್ ಬಿಡ್ತ್ರಿ?”

ಇದೊಂದು ಮುನ್ಸೂಚನೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನನ್ನ ಶಾಲೆ ಮರವಂತೆಯ ಆಚೆ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಹೆಚ್ಚಿನ ಮಕ್ಕಳು ಮೀನುಗಾರರ ಮನೆಯವರು. ಐದನೇ ತರಗತಿಯ ಸುಜಾತ ಎಂಬ ಹುಡುಗಿ ಏಳರ ಮಗ್ಗಿಯನ್ನು ಎಡವದೆ ಒಪ್ಪಿಸಿದಳು. ನಾನು ‘ಅದ್ಭುತ!’ ಎಂದೆ. ನಾನು ಹೇಳಿದ್ದು ಯಾರಿಗೆಂದು ನೋಡಲು ಸುಜಾತ ಹಿಂದೆ ತಿರುಗಿದಳು. ಅಲ್ಲಿ ಗೋಡೆ ಮಾತ್ರ ಇತ್ತು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಜ್ವರವಂತೆ.

ಅಂದು ಗಣಪತಿಯ ಅಕ್ಷರವನ್ನು ಹೊಗಳಿದೆ. ಸಂಜೆ ಅವನು ಶಾಲೆಯ ಮೆಟ್ಟಿಲಿನಲ್ಲೇ ಜಾರಿ ಮೊಣಕಾಲು ತರಚಿಕೊಂಡ. ಪದ್ಯ ಹಾಡಿದ ರೇಖಾಳ ಕಂಠಸಿರಿಯನ್ನು ಕೊಂಡಾಡಿದೆ. ಬೆಳಗಾಗುವಾಗ ಕಂಠವೂ ಇಲ್ಲ, ಸಿರಿಯೂ ಇಲ್ಲ. ವಾರ ಮುಗಿಯುವ ಮೊದಲು ನಾನು ಯಾರ ಕಡೆ ನೋಡಿದರೂ ಅವರ ಮುಖಕ್ಕೆ ಪುಸ್ತಕ ಅಡ್ಡ ಬರತೊಡಗಿತು. ಇನ್ನೂ ಭಯಂಕರವಾದದ್ದೆಂದರೆ, ಗೊತ್ತಿದ್ದ ಮಕ್ಕಳೂ ಬೇಕೆಂದೇ ತಪ್ಪು ಉತ್ತರ ಹೇಳತೊಡಗಿದರು. ಸರಿ ಹೇಳಿದರೆ ಹೊಗಳಿಕೆ, ಹೊಗಳಿಸಿಕೊಂಡರೆ ಜ್ವರ! ಏಳೆಂಟ್ಲ ಎಷ್ಟು ಎಂದು ಕೇಳಿದರೆ ‘ನಲವತ್ತು’ ಎನ್ನುವರು. ಹೇಳಿ, ಗಂಡಾಂತರ ತಪ್ಪಿತೆಂಬಂತೆ ಉಸಿರು ಬಿಡುವರು. ಮಾದರಿ ಪಾಠ ಹತ್ತಿರ ಬರುತ್ತಿತ್ತು. ನನಗೆ ಅನ್ನ ಸೇರದಾಯಿತು.

ಆಗ ಸುಜಾತಳ ತಾಯಿ ಗಿರಿಜ ಬಂದಳು. ಮನೆಮನೆಗೆ ಮೀನು ಮಾರುವವಳು. ಬುಟ್ಟಿಯನ್ನು ಶಾಲೆಯ ಗೇಟಿನಲ್ಲಿಟ್ಟು ಜಗಲಿಗೆ ಹತ್ತಿದಳು.

“ಮಾಷ್ಟ್ರೆ, ಬೈಯಿರಿ, ನಂಗೆ ಬೇಜಾರಿಲ್ಲೆ. ಹೊಗಳುಕೆ ಮಾತ್ರ ಹೋಗ್ಬೇಡಿ. ಒಂದ್ ಮುಷ್ಟಿ ಮೆಣ್ಸ್ ಸುಟ್ಟೆ, ಚೂರ್ ಘಾಟ್ ಬರ್ಲಿಲ್ಲೆ. ನಿಮ್ದ್ ಅಂಥಾ ಕಣ್ಣ್.”

ದೃಷ್ಟಿ ತೆಗೆದ ಮೆಣಸನ್ನು ಬೆಂಕಿಗೆ ಹಾಕಿದಾಗ ಘಾಟು ಬಂದರೆ ಅದು ಬರೀ ಕಾಯಿಲೆ, ಬಾರದಿದ್ದರೆ ಖಂಡಿತ ದೃಷ್ಟಿ. ಇದು ನಮ್ಮೂರಿನ ಪ್ರಯೋಗಶಾಲೆಯ ವಿಧಾನ. ನಾನು ವಿಚಾರವಾದಿ. ಜ್ವರವು ರೋಗಾಣುಗಳಿಂದ ಬರುತ್ತದೆಯೇ ಹೊರತು ಮಾಷ್ಟ್ರ ಕನ್ನಡಕದಿಂದಲ್ಲ ಎಂದು ದೀರ್ಘವಾಗಿ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿದಳು.

“ಅದೆಲ್ಲ ಸಮ. ಮೆಣ್ಸಿಗೆ ಘಾಟ್ ಎಂತಕೆ ಬರ್ಲಿಲ್ಲೆ?”

ಮಕ್ಕಳು ಚಂದ ಮಾಡಿದರೆ ಎಲ್ಲರ ಹಾಗೆ ‘ಅಡ್ಡಿಲ್ಲೆ’ ಅನ್ನಬಹುದಲ್ಲ ಎಂದು ಅವಳು ದಾರಿ ತೋರಿಸಿದಳು. ಆ ಪದಕ್ಕೆ ಮೇಲಿನಿಂದ ನಿಷೇಧವಿರುವುದನ್ನು ತಿಳಿಸಿ, ನನ್ನ ಮರ್ಯಾದೆ ನಿಮ್ಮ ಕೈಯಲ್ಲಿದೆ ಎಂದು ಬೇಡಿಕೊಂಡೆ. ಕೊನೆಗೆ ರಾಜಿಯಾಯಿತು. ಮಾದರಿ ಪಾಠದ ಅದೊಂದು ದಿನ ಮಕ್ಕಳು ಸರಿ ಉತ್ತರ ಹೇಳುವುದು. ರಕ್ಷಣೆಗಾಗಿ ಕಿವಿಯ ಹಿಂದೆ, ಯಾರಿಗೂ ಕಾಣದಂತೆ, ಒಂದು ಕಾಡಿಗೆ ಬೊಟ್ಟು. ವಿಚಾರವಾದವು ಕಿವಿಯ ಹಿಂದಿನವರೆಗೆ ಮಾತ್ರ ಸರಿಯಿತು, ಅದಕ್ಕಿಂತ ಆಚೆಗಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡೆ.

“ಬಾಕಿದ್ದ್ ನಾನ್ ಮಕ್ಳಿಗೆ ಹೇಳಿಕೊಡ್ತೆ,” ಎಂದು ಗಿರಿಜ ಬುಟ್ಟಿ ಹೊತ್ತಳು.

ಬಾಕಿದ್ದೇನೆಂದು ನಾನು ಕೇಳಲಿಲ್ಲ. ಸಂಪನ್ಮೂಲ ವ್ಯಕ್ತಿಗಳು ಸಣ್ಣಪುಟ್ಟ ವಿಷಯ ಕೇಳುವುದಿಲ್ಲ.

ಆ ದಿನ ಬಂತು. ಗಡ್ಡವನ್ನು ಎರಡು ಸಲ ಹೆರೆದುಕೊಂಡು, ಬಸ್ಸಿನಲ್ಲಿ ನನ್ನಷ್ಟಕ್ಕೇ ಗೊಣಗುತ್ತಾ ಹೋದೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ಶಾಲೆಗೆ ಬಂದು ನೋಡಿದರೆ ತರಗತಿಯ ಬಾಗಿಲಿಗೆ ನಿಂಬೆಹಣ್ಣು, ಹಸಿಮೆಣಸು ಕಟ್ಟಿದ್ದರು. ಕಿವಿಯ ಹಿಂದಿರಬೇಕಾದ ಬೊಟ್ಟು ಪ್ರತಿ ಕೆನ್ನೆಯಲ್ಲೂ ರೂಪಾಯಿಯಗಲ ರಾರಾಜಿಸುತ್ತಿತ್ತು. ಯಾವುದೋ ಯಕ್ಷಗಾನ ಮೇಳದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೊಕ್ಕಂತಾಯಿತು. ಅಳಿಸಲು ಸಮಯವಿರಲಿಲ್ಲ. ಬೈಂದೂರಿನಿಂದ ಕೆರಾಡಿಯವರೆಗಿನ ಶಿಕ್ಷಕರು ಹಿಂದಿನ ಬೆಂಚುಗಳನ್ನು ತುಂಬಿಯಾಗಿತ್ತು. ಅಧಿಕಾರಿಗಳು ಪಕ್ಕದ ಕುರ್ಚಿಯಲ್ಲಿ ಆಸೀನರಾದರು.

“ಸುಜಾತ, ಏಳೆಂಟ್ಲ ಎಷ್ಟು?”

ಅವಳು ನನ್ನನ್ನು ನೋಡಿದಳು. ಕೆನ್ನೆಯ ಬೊಟ್ಟನ್ನು ಮುಟ್ಟಿ ನೋಡಿಕೊಂಡಳು. “ಐವತ್ತಾರು.”

ಹೋದ ಜೀವ ಬಂತು. ಕಣ್ಣರಳಿಸಿ, ತುಂಬು ಕಂಠದಿಂದ, ‘ಅದ್ಭುತ!’ ಎಂದೆ.

ಕೂಡಲೇ ಇಡೀ ತರಗತಿ ಎದ್ದು ನಿಂತು, ನನ್ನ ಕಡೆಗೆ ಮುಖ ಮಾಡಿ, ಒಂದೇ ದನಿಯಲ್ಲಿ, “ಥೂ, ಥೂ, ಥೂ” ಎಂದಿತು.

ಗಿರಿಜ ಹೇಳಿಕೊಟ್ಟ ಬಾಕಿ ಇದು! ಹೆಚ್ಚಿನವರು ಶಬ್ದ ಮಾತ್ರ ಮಾಡಿದರು. ಮುಂದಿನ ಸಾಲಿನವರು ಪ್ರಾಮಾಣಿಕರು. ನಾನು ಕನ್ನಡಕ ಒರೆಸಿಕೊಂಡೆ.

ಕೆರಾಡಿಯ ಕಡೆಯ ಟೀಚರೊಬ್ಬರು ಪೆನ್ನು ಹಿಡಿದು, ಇದು ಯಾವ ಚಟುವಟಿಕೆ ಎಂದು ವಿನಯದಿಂದ ಕೇಳಿದರು. ಪ್ರಾಣಭಯದಲ್ಲಿರುವವನು ಏನನ್ನಾದರೂ ಹೇಳುತ್ತಾನೆ. ‘ಸಾಮೂಹಿಕ ಪ್ರತಿಸ್ಪಂದನ’ ಎಂದೆ. ಎಲ್ಲರೂ ಬರೆದುಕೊಂಡರು.

ಇನ್ನು ಹೊಗಳುವುದೇ ಬೇಡವೆಂದು ನಿಶ್ಚಯಿಸಿದೆ. ಆದರೆ ಒಮ್ಮೆ ಶುರುವಾದ ಸರಿ ಉತ್ತರಗಳು ನಿಲ್ಲಬೇಕಲ್ಲ? ವಾರವಿಡೀ ಅದುಮಿಟ್ಟ ಜ್ಞಾನವೆಲ್ಲ ಒಟ್ಟಿಗೇ ಹೊರಬಿತ್ತು. ನಾನು ಸುಮ್ಮನಿದ್ದರೆ ಅಧಿಕಾರಿಗಳು ‘ಹೊಗಳಿ, ಹೊಗಳಿ’ ಎಂದು ಕೈಸನ್ನೆ ಮಾಡುವರು. ನಾನು ಹೊಗಳುವೆ. ತರಗತಿ ಉಗಿಯುವುದು. ನನ್ನ ಸೇವಾವಧಿಯಲ್ಲಿ ಅಷ್ಟು ಒಗ್ಗಟ್ಟನ್ನು ಪ್ರಾರ್ಥನೆಯಲ್ಲೂ ಕಂಡದ್ದಿಲ್ಲ.

ಕೊನೆಗೆ ಅಧಿಕಾರಿಗಳೇ ಎದ್ದರು. ಅವರ ಕಣ್ಣುಗಳು ಅರಳುತ್ತಿರುವುದನ್ನು ಕಂಡೆ. “ಬೇಡ ಸಾರ್, ದಮ್ಮಯ್ಯ,” ಎಂದೆ. ಅದನ್ನವರು ವಿನಯವೆಂದು ಭಾವಿಸಿ, ಮುಂದಿನ ಸಾಲಿನ ಹತ್ತಿರಕ್ಕೇ ಬಂದು, ಎರಡೂ ತೋಳು ಚಾಚಿ, “ಮಕ್ಕಳೇ, ನೀವೆಲ್ಲ ಅದ್ಭುತ!” ಎಂದರು.

ಮುಂದಿನ ಸಾಲಿನವರು ಪ್ರಾಮಾಣಿಕರು ಎಂದು ಮೊದಲೇ ಹೇಳಿದ್ದೇನೆ.

ಅಧಿಕಾರಿಗಳು ಕರವಸ್ತ್ರ ತೆಗೆದರು. ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ಜೀಪು ಹತ್ತುವಾಗ ಅವರು ನನ್ನ ಕಡೆ ಒಮ್ಮೆ ನೋಡಿ, “ನಿಮ್ಮ ಪಾಠವೂ ಅದ್ಭುತ ಕಣ್ರೀ,” ಎಂದು ಬಾಗಿಲು ಹಾಕಿಕೊಂಡರು. ಸಂಪನ್ಮೂಲವು ಅದೇ ಜೀಪಿನಲ್ಲಿ ಹೋಯಿತು. ವ್ಯಕ್ತಿ ಮಾತ್ರ ಉಳಿದ.

ತರಗತಿಗೆ ಮರಳಿದೆ. ಬೆವರಿಗೆ ಕಾಡಿಗೆ ಇಳಿದು ಮಕ್ಕಳ ಮುಖವೆಲ್ಲ ಮಸಿಯಾಗಿತ್ತು. “ನಾವ್ ಸಮ ಹೇಳಿದ್ವಾ ಮಾಷ್ಟ್ರೆ?” ಎಂದು ಸುಜಾತ ಅಂಜುತ್ತಾ ಕೇಳಿದಳು. ಬೈಯಲೆಂದೇ ಬಾಯಿ ತೆರೆದಿದ್ದೆ.

“ಅಡ್ಡಿಲ್ಲೆ,” ಎಂದೆ.

ಒಂದು ‘ಥೂ’ ಕೂಡ ಬರಲಿಲ್ಲ. ಆ ಮಸಿಮುಖಗಳೆಲ್ಲ ಕಿವಿಯವರೆಗೆ ಹಲ್ಲು ಬಿಟ್ಟವು. ಇನ್ನೊಂದು ಲೆಕ್ಕ ಕೊಡಿ ಎಂದರು.

ಮರುದಿನ ಬೆಳಿಗ್ಗೆ ನನಗೇ ಜ್ವರ. ನಿಜ ಹೇಳಬೇಕೆಂದರೆ, ಒಳಗೊಳಗೇ ಸಂತೋಷವಾಯಿತು! ಅಷ್ಟು ದೊಡ್ಡ ಅಧಿಕಾರಿಗಳ ಹೊಗಳಿಕೆ ತಾಗಿದೆ ಎಂದರೆ, ಅವರು ಅದನ್ನು ಮನಸಾರೆ ಹೇಳಿದ್ದಾರೆ ಎಂದೇ ಅರ್ಥವಲ್ಲವೇ? ವಿಚಾರವಾದವನ್ನು ತಾತ್ಕಾಲಿಕವಾಗಿ ಬದಿಗಿರಿಸಿ, ದೃಷ್ಟಿ ತೆಗೆಯಲು ವಾರಿಜಳಿಗೆ ಹೇಳಿದೆ. ಮಣೆಯ ಮೇಲೆ ಕುಳಿತೆ. ಅವಳು ಉಪ್ಪು ಮೆಣಸನ್ನು ನನ್ನ ಸುತ್ತ ಇಳಿಸಿದಳು. ಹೇಳಿದಂತೆ ಮೂರು ಸಲ ಉಗಿದೆ. ಆ ವಿಷಯದಲ್ಲಿ ನನಗೆ ಒಳ್ಳೆಯ ತರಬೇತಿಯಾಗಿತ್ತು. ಎಲ್ಲವನ್ನೂ ಒಲೆಗೆ ಹಾಕಿದಳು. ಘಾಟು ಬಾರದಿರಲಿ ದೇವರೇ ಎಂದು ಕಣ್ಮುಚ್ಚಿದೆ.

ಮೊದಲು ಕೆಮ್ಮಿದ್ದು ನಾನು. ಆಮೇಲೆ ವಾರಿಜ. ಬಳಿಕ ಮಾಡಿನ ಮೇಲಿದ್ದ ಕಾಗೆ ಹಾರಿಹೋಯಿತು. ಘಾಟು ಬೇಲಿ ದಾಟಿತು, ಪಕ್ಕದ ಮನೆಯ ಪದ್ದಕ್ಕನ ಸೀನು ಒಂದರ ಹಿಂದೊಂದು ಕೇಳಿಬಂತು.

“ಹ್ವಾಯ್ ವಾರಿಜಕ್ಕ, ಯಾರಿಗೆ ದೃಷ್ಟಿ ತಾಗಿದ್ದ್?”

ವಾರಿಜ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕಿಟಕಿಯಿಂದಲೇ ಉತ್ತರ ಕೊಟ್ಟಳು.

“ಯಾರಿಗೂ ತಾಗ್ಲಿಲ್ಲೆ ಮಾರಾಯ್ತಿ. ಇವ್ರಿಗೆ ಬರೀ ಶೀತ.”