ಮಂಜಿನ ಮಾಂತ್ರಿಕನೂ ಬಾಗಿಲ ರಕ್ಕಸನೂ

ನಾನು ಟೀವಿ ರಿಪೇರಿ ಮಾಡುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮ ಬೀದಿಯಲ್ಲಿ ಯಾರ ಮನೆಯ ಟೀವಿ ಕೆಟ್ಟರೂ ಅದನ್ನು ಹೊತ್ತುಕೊಂಡು ನೇರ ನಮ್ಮ ಮನೆಗೇ ಬರುತ್ತಾರೆ. ಇದಕ್ಕೆಲ್ಲ ಕಾರಣ ಹಿಂದಿನ ಬೀದಿಯಲ್ಲಿರುವ ನನ್ನ ಮಾವ. ಅಳಿಯಂದಿರು ಏನು ಮಾಡ್ತಾರೆ ಎಂದು ಯಾರಾದರೂ ಕೇಳಿದರೆ ಅವರು "ಟೀವಿ ಕೆಲಸ" ಎಂದಷ್ಟೇ ಹೇಳಿ, ಹವಾಮಾನದ ಬಗ್ಗೆ ಮಾತು ಶುರು ಮಾಡುತ್ತಾರೆ. ಮೊನ್ನೆ ಮಹಡಿಯ ಮೇಲಿನ ಟೈಲರ್ ತಂದುಕೊಟ್ಟ ರಿಮೋಟನ್ನು ನಾನು ಬಿಚ್ಚಿ ನೋಡಿದೆ. ಅದು ಇನ್ನೂ ಬಿಚ್ಚಿಯೇ ಇದೆ.

ನಾನು ಬರಹಗಾರ. ಕಾರ್ಟೂನ್ ಧಾರಾವಾಹಿಯೊಂದಕ್ಕೆ ಕಥೆ, ಸಂಭಾಷಣೆ ಬರೆಯುತ್ತೇನೆ. ಹಿಮದ ಬೆಟ್ಟ, ಹಾರುವ ಕುದುರೆ, ಮಾತಾಡುವ ಕೋಟೆ, ಎಲ್ಲವೂ ನಮ್ಮ ಅಡುಗೆಮನೆ ಪಕ್ಕದ ಕಾಲು ಅಲ್ಲಾಡುವ ಮೇಜಿನ ಮೇಲೆಯೇ ಹುಟ್ಟುವುದು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. ಮಾವ ನಿವೃತ್ತ ಸ್ಟೇಷನ್ ಮಾಸ್ಟರ್. ಅವರ ಪ್ರಕಾರ ಲೋಕದಲ್ಲಿರುವುದು ಎರಡೇ ಉದ್ಯೋಗ: ರೈಲ್ವೆ, ಮತ್ತು ರೈಲ್ವೆಯಲ್ಲಿ ಸಿಗದಿದ್ದವರು ಮಾಡಿಕೊಳ್ಳುವ ಇತರೆ. ಕಾರ್ಟೂನು ಆ ಇತರೆಯಲ್ಲೂ ಬರುವುದಿಲ್ಲ. ನನಗಿದ್ದದ್ದು ಒಂದೇ ಆಸೆ. ಒಂದು ಸಲ, ಒಂದೇ ಒಂದು ಸಲ, ಮಾವ ನಾಲ್ಕು ಜನರೆದುರು ನನ್ನ ಹೆಗಲ ಮೇಲೆ ಕೈಯಿಟ್ಟು ಎದೆಯುಬ್ಬಿಸಿ "ಇವನು ನಮ್ಮ ಅಳಿಯ" ಎನ್ನಬೇಕು.

ಅದಕ್ಕೆ ತಕ್ಕ ಸಂಚಿಕೆಯನ್ನೇ ಈ ಸಲ ಬರೆದೆ. ನಮ್ಮ ಧಾರಾವಾಹಿಯಲ್ಲಿ ಊರೂರನ್ನೇ ಹೆಪ್ಪುಗಟ್ಟಿಸುವ ಒಬ್ಬ ದುಷ್ಟ ಮಂಜಿನ ಮಾಂತ್ರಿಕನಿದ್ದಾನೆ. ಅವನು ಯಾಕೆ ಹಾಗಾದ ಎಂಬ ಪೂರ್ವಕಥೆ ಇದು. ಅವನು ಮೊದಲು ಬೆಟ್ಟದ ಹಾದಿಯಲ್ಲಿ ದೀಪ ಹಚ್ಚುವ ಹುಡುಗ. ಒಂದು ಸಂಜೆ ಕೆಳಗಿನ ಊರಿಗೆ ಆಟ ನೋಡಲು ಹೋಗಿ ದೀಪ ಹಚ್ಚುವುದನ್ನೇ ಮರೆಯುತ್ತಾನೆ. ಅವನನ್ನು ಹುಡುಕಿಕೊಂಡು ಹೊರಟ ತಂಗಿ ಕತ್ತಲಲ್ಲಿ ದಾರಿ ತಪ್ಪಿ ಮತ್ತೆ ಬರುವುದೇ ಇಲ್ಲ. ಅಂದಿನಿಂದ ಅವನು ಹಾದಿಗಳನ್ನೆಲ್ಲ ಹೆಪ್ಪುಗಟ್ಟಿಸುವುದು ದುಷ್ಟತನದಿಂದಲ್ಲ. ಇನ್ನು ಯಾರ ಮನೆಯ ಮಗುವೂ ಆ ದಾರಿ ತುಳಿಯಬಾರದೆಂದು. ಬರೆದು ಮುಗಿಸಿ ನಾನೇ ಓದಿಕೊಂಡು ಗಳಗಳನೆ ಅತ್ತೆ. ಹೆಂಡತಿ ಒಳಗಿನಿಂದ ಬಂದು, ಈರುಳ್ಳಿ ಹೆಚ್ಚುತ್ತಿರುವುದು ನಾನು, ಅಳುತ್ತಿರುವುದು ನೀವು, ಇದ್ಯಾವ ನ್ಯಾಯ ಎಂದಳು.

ನಿರ್ದೇಶಕರು ಓದಿ ಚೆನ್ನಾಗಿದೆ ಎಂದರು. ಆಮೇಲೆ, ಇಷ್ಟು ದುಃಖವನ್ನು ಮಕ್ಕಳು ತಡೆಯುವುದಿಲ್ಲ, ಜೊತೆಗೊಂದು ತಮಾಷೆಯ ಉಪಕಥೆ ಇರಲಿ, ಅರ್ಧಕ್ಕರ್ಧ ಇರಲಿ ಎಂದರು. ಗಾಂಭೀರ್ಯ ಹದಿನಾಲ್ಕಾಣೆ, ಹಾಸ್ಯ ಎರಡಾಣೆ ಸಾಕು ಎಂದು ನಾನು ವಾದಿಸಿದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. (ಕೋಣ ಯಾರೆಂದು ಬರೆಯುವುದಿಲ್ಲ, ಅವರು ಇದನ್ನು ಓದಬಹುದು.) ಕೊನೆಗೆ ಒಲೆಯ ಮೇಲಿನ ಹಾಲು ನೋಡಿಕೊಳ್ಳುತ್ತಾ ಒಂದು ಉಪಕಥೆ ಗೀಚಿದೆ. ಕೋಟೆಯ ಬಾಗಿಲು ಕಾಯುವ ರಕ್ಕಸ ಬೀಗದಕೈ ಕಳೆದುಕೊಂಡು ಕೋಟೆಯೆಲ್ಲ ಹುಡುಕುತ್ತಾನೆ. ಅದು ಅವನ ಕೊಂಬಿಗೇ ನೇತಾಡುತ್ತಿರುತ್ತದೆ. ಅಷ್ಟೇ. ಹಾಲು ಉಕ್ಕಿಹೋಯಿತು.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಕಾರ್ಟೂನಿನ ಪಾತ್ರಗಳು ಸುಮ್ಮನೆ ನಡೆಯುವುದಿಲ್ಲ. ಮೊದಲು ಯಾರಾದರೂ ಮನುಷ್ಯರು ನಡೆದು, ಕೂತು, ಅತ್ತು ತೋರಿಸಬೇಕು. ಅದನ್ನು ವಿಡಿಯೋ ಮಾಡಿಕೊಂಡು, ನೋಡಿ ನೋಡಿ ಚಿತ್ರ ಬರೆಯುತ್ತಾರೆ. ನಮ್ಮ ಮುಖ್ಯ ಚಿತ್ರಕಾರರನ್ನು ಎಲ್ಲರೂ ಗೆರೆಯಣ್ಣ ಎನ್ನುತ್ತೇವೆ. ಮಾಂತ್ರಿಕನ ದುಃಖವನ್ನು ಬರೆದವನಲ್ಲದೆ ಬೇರಾರೂ ಅಭಿನಯಿಸಲಾರರು ಎಂದು ಅವರಿಗೆ ಹೇಳಿದೆ. ಮನೆಯಿಂದ ಒಯ್ದ ಕಪ್ಪು ಹೊದಿಕೆಯನ್ನೇ ನಿಲುವಂಗಿಯ ಹಾಗೆ ಹೊದ್ದು, ಆರಿದ ದೀಪದ ಮುಂದೆ ಕುಸಿದು, ತಂಗಿಯನ್ನು ಕರೆದು ಬಿಕ್ಕಿಬಿಕ್ಕಿ ಅತ್ತೆ. ಅಂಥ ಅಭಿನಯ ಆ ಕೋಣೆ ಹಿಂದೆಂದೂ ಕಂಡಿರಲಿಲ್ಲ. (ಹಾಗೆಂದು ನಾನೇ ಹೇಳಿದೆ, ಯಾರೂ ಇಲ್ಲವೆನ್ನಲಿಲ್ಲ.)

ನಡುವೆ ಬಿಡುವು ಕೊಟ್ಟಾಗ ಹೆಂಡತಿಯ ಫೋನ್ ಬಂತು. ತಾನೂ ಅಪ್ಪನೂ ಮನೆ ಹೊರಗೆ ನಿಂತಿದ್ದೇವೆ, ಬೀಗದಕೈ ಎಲ್ಲಿ ಎಂದು ಕೇಳಿದಳು. ಜೇಬು ತಡಕಿದೆ, ಮೇಜಿನ ಕೆಳಗೆ ಬಗ್ಗಿದೆ, ಚೀಲ ಸುರುವಿದೆ, ಹೊದಿಕೆ ತುಳಿದು ಎಡವಿಬಿದ್ದೆ. ಅಷ್ಟರಲ್ಲಿ ಮಾವ ಫೋನ್ ಇಸಿದುಕೊಂಡು, ಸ್ಟೇಷನ್ನಿನಲ್ಲಿ ಪ್ರತಿ ಕೀಲಿಗೂ ಒಂದು ಮೊಳೆ ಇರುತ್ತಿತ್ತು ಎಂಬಲ್ಲಿಂದ ಉಪದೇಶ ಶುರು ಮಾಡಿದರು. ನಾನು ಫೋನಿಗೇ ತಲೆಬಾಗಿ "ಹೌದು ಮಾವ, ಸರಿ ಮಾವ" ಎನ್ನುತ್ತಾ ಹುಡುಕಿದೆ. ಬೀಗದಕೈ ನನ್ನ ಕಿರುಬೆರಳಿನಲ್ಲೇ ನೇತಾಡುತ್ತಿತ್ತು. ಆ ಹೊತ್ತಿನಲ್ಲಿ ಕ್ಯಾಮೆರಾ ನಿಲ್ಲಿಸಿದ್ದರೋ ಇಲ್ಲವೋ ಎಂದು ನೋಡುವ ಬುದ್ಧಿ ನನಗೆಲ್ಲಿಂದ ಬರಬೇಕು?

ಸಂಚಿಕೆ ಬರುವ ದಿನ ಮಾವನನ್ನು ಕಾಡಿಬೇಡಿ ಕರೆತಂದು, ಟೀವಿಯ ನೇರಕ್ಕೆ ಒಳ್ಳೆಯ ಕುರ್ಚಿ ಹಾಕಿ ಕೂರಿಸಿದೆ. ಎಷ್ಟೊತ್ತಿಗೆ ಮುಗಿಯುತ್ತೆ ಎಂದು ಕೇಳಿ ಗಡಿಯಾರ ನೋಡಿಕೊಂಡರು. ಪೂರ್ವಕಥೆ ಶುರುವಾಯಿತು. ನನ್ನ ಅಮೋಘ ಅಭಿನಯ ಒಂದು ಚೂರೂ ಇರಲಿಲ್ಲ. ಗೆರೆಯಣ್ಣ ಮಾಂತ್ರಿಕನನ್ನು ಬೆನ್ನು ಕಾಣುವಂತೆ ಕೂರಿಸಿ, ದೀಪ ಹಚ್ಚಲು ಹೋಗಿ ನಡುಗುವ ಒಂದು ಕೈ ಮಾತ್ರ ತೋರಿಸಿದ್ದರು. ಮಾತು ನನ್ನದೇ ಇತ್ತು: "ದೀಪ ಹಚ್ಚೋಕೆ ಎಷ್ಟು ಹೊತ್ತು ಬೇಕಿತ್ತು ನಂಗೆ? ಒಂದು ಕಡ್ಡಿ ಗೀರೋಷ್ಟು ಹೊತ್ತು." ಮಾವನ ಕಡೆ ನೋಡಿದೆ. ಇಡೀ ಆಯುಸ್ಸು ಸಿಗ್ನಲ್ ದೀಪ ಕಾದ ಮನುಷ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ದೀಪ ಬಿಟ್ಟು ಹೋಗಬಾರದಿತ್ತು ಕಣಯ್ಯ" ಎಂದರು. "ಇದನ್ನ ಬರೆದೋನು ಸಾಮಾನ್ಯನಲ್ಲ. ರೈಲ್ವೆಯವನೇ ಇರಬೇಕು."

ನನಗೆ ಹೆಮ್ಮೆಯಿಂದ ಮೈ ಜುಮ್ಮೆಂದಿತು. ಮಾವನ ಬಾಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. "ಬರೆದವನು ನಾನೇ ಮಾವ" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯ ಮೇಲೆ ರಕ್ಕಸ ಬಂದ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಕೊಂಬು, ಕೋರೆಹಲ್ಲು ತೆಗೆದರೆ ಉಳಿದದ್ದೆಲ್ಲ ನಾನೇ. ಅದೇ ಹೊಟ್ಟೆ, ಅದೇ ಕತ್ತು ಕೆರೆದುಕೊಳ್ಳುವ ರೀತಿ. ಜೇಬು ತಡಕುವುದು, ಮೇಜಿನ ಕೆಳಗೆ ಬಗ್ಗಿ ಹಿಂಬದಿ ಮಾತ್ರ ಪ್ರದರ್ಶಿಸುವುದು, ಹೊದಿಕೆ ತುಳಿದು ಎಡವುವುದು. ಫೋನಿನ ಬದಲು ಕೋಟೆಯ ಒಡೆಯನ ಮಾತು ಕೇಳಿಸುವ ಒಂದು ಶಂಖ ಕೊಟ್ಟಿದ್ದರು. ಶಂಖ ಬುದ್ಧಿ ಹೇಳುತ್ತಿದೆ, ರಕ್ಕಸ ಅದಕ್ಕೆ ತಲೆಬಾಗಿ ಹೌದು ಒಡೆಯ, ಸರಿ ಒಡೆಯ ಎನ್ನುತ್ತಿದ್ದಾನೆ. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಕೊನೆಗೆ ತಡೆಯಲಾರದೆ ನೆಲಕ್ಕೇ ಕುಸಿದಳು. ಮದುವೆಯಾದಾಗಿನಿಂದ ನನ್ನೆದುರು ಹಲ್ಲು ತೋರಿಸದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ಇದು ನೀನೇ ಅಲ್ವೇನಯ್ಯ! ಆ ಶಂಖ ಹೇಳೋದೂ ಸರಿಯಾಗೇ ಇದೆ" ಎಂದರು.

ಮೂಗಿಗಿಂತ ಮೂಗುತಿ ಭಾರವಾಯಿತು. ಸಂಚಿಕೆ ಮುಗಿದ ಮೇಲೂ ನಗು ನಿಲ್ಲಲಿಲ್ಲ. ನನ್ನ ಮುಖ ನೋಡಿ ಪಾಪವೆನಿಸಿತೇನೋ, ಹೆಂಡತಿಯೇ ನನ್ನ ಪರ ನಿಂತಳು.

"ಅಪ್ಪಾ, ಆ ದೀಪದ ಕಥೆ ಬರೆದದ್ದೂ ಇವ್ರೇ."

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗಂಡನ ಮೇಲೆ ಅಭಿಮಾನ ಇರಬೇಕಮ್ಮ, ಬೇಡ ಅನ್ನಲ್ಲ" ಎಂದರು.

"ಅಲ್ಲೇ ಹೆಸರು ಬರ್ತಿದೆ ನೋಡಪ್ಪ."

ನನ್ನ ಹೆಸರು ಪರದೆಯ ಮೇಲೆ ದಪ್ಪಕ್ಷರದಲ್ಲಿ ಬಂದು ನಿಂತಿತ್ತು. ಮಾವ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಓದಿ, ತಲೆದೂಗಿದರು.

"ಒಂದೇ ಹೆಸರಿನೋರು ಊರಲ್ಲಿ ಎಷ್ಟೋ ಜನ ಇರ್ತಾರೆ" ಎಂದರು. "ಅಂಥ ದೊಡ್ಡ ಮನುಷ್ಯನ ಜೊತೆ ಕೆಲಸ ಮಾಡ್ತೀಯಲ್ಲ, ಅದೇ ನಿನ್ನ ಭಾಗ್ಯ. ಆಗಾಗ ಹತ್ರ ಕೂತು ನಾಲ್ಕಕ್ಷರ ಕಲಿ."

ಗೆರೆಯಣ್ಣನಿಗೆ ಫೋನ್ ಮಾಡಿ ಜಗಳವಾಡಬೇಕೆಂದು ನಾಲ್ಕು ವಾಕ್ಯ ಜೋಡಿಸಿಟ್ಟುಕೊಂಡೆ. ಆದರೆ ಮರುದಿನ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಾವ. ಅವರ ಹಿಂದೆ ನಿವೃತ್ತ ಗಾರ್ಡು, ನಿವೃತ್ತ ಟಿಕೆಟ್ ಕಲೆಕ್ಟರು, ಇನ್ನೂ ಇಬ್ಬರು ರೈಲ್ವೆಯ ಹಿರಿಯರು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಮಾವ ಒಳಗೆ ಬಂದವರೇ ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರ ಎದೆ ಉಬ್ಬಿತ್ತು.

"ಇವನು ನಮ್ಮ ಅಳಿಯ" ಎಂದರು. "ರಾತ್ರಿಯೆಲ್ಲ ಹೇಳ್ತಿದ್ನಲ್ಲ, ಆ ರಕ್ಕಸ, ಅವನೇ ಇವನು."

ಹಿರಿಯರೆಲ್ಲ ನನ್ನನ್ನು ಕಣ್ತುಂಬ ನೋಡಿದರು. ಗಾರ್ಡು ನನ್ನ ಕೈ ಕುಲುಕಿ ಬಿಡಲೇ ಇಲ್ಲ. ಇಷ್ಟು ವರ್ಷ ಆ ಒಂದು ಮಾತಿಗಾಗಿ ಕಾದವನು ನಾನು. ನನ್ನ ಕಣ್ಣಲ್ಲಿ ನೀರೇ ಬಂತು.

"ಸ್ವಲ್ಪ ನಡೆದು ತೋರ್ಸಪ್ಪ" ಎಂದರು ಮಾವ, ನನಗೆ ಮೊದಲ ಸಲ ಅಪ್ಪ ಸೇರಿಸಿ.

ಹೆಂಡತಿ ಒಳಗಿನಿಂದ ಹೊದಿಕೆ ತಂದುಕೊಟ್ಟಳು. ಬರಹಗಾರನಾದ ನಾನು ಅದನ್ನು ಹೊದ್ದು, ಹೊಟ್ಟೆ ಮುಂದೆ ಮಾಡಿ, ಜೇಬು ತಡಕುತ್ತಾ ಆ ಗೋಡೆಯಿಂದ ಈ ಗೋಡೆಯವರೆಗೆ ನಡೆದೆ. ಮಾವನ ಮರ್ಯಾದೆಯ ಪ್ರಶ್ನೆ ನೋಡಿ, ಎಡವುವುದನ್ನೂ ಬಿಡಲಿಲ್ಲ.