ತಲೆದೂಗಾಪುರದ ರಾಜಸ್ಮರಣ ಬಿಕ್ಕಳಿಕೆ

ಬಹಳ ಹಿಂದೆ, ಅಂದರೆ ಈಗ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾರದಷ್ಟು ಹಿಂದೆ, ತಲೆದೂಗಾಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಜಯಘೋಷವರ್ಮರು ಆಳುತ್ತಿದ್ದರು. ಅವರ ಕಾಲದಲ್ಲಿ ಮಳೆಬೆಳೆ ಹೇಗಿತ್ತೆಂಬುದಕ್ಕೆ ದಾಖಲೆ ಸಿಗುವುದಿಲ್ಲ. ರಾಜ್ಯದ ಉದ್ದಗಲಕ್ಕೆ ಪ್ರಭುಗಳ ನೂರಾ ಹನ್ನೆರಡು ಪ್ರತಿಮೆಗಳಿದ್ದವು ಎಂಬುದಕ್ಕೆ ಮಾತ್ರ ನೂರಾ ಹನ್ನೆರಡು ದಾಖಲೆಗಳಿವೆ.

ಆ ರಾಜ್ಯದಲ್ಲಿ ಕಾಳಮ್ಮ ಎಂಬ ಹೆಂಗಸು ರೋಗಗಣತಿ ಅಧಿಕಾರಿಯಾಗಿದ್ದಳು. ಯಾವ ಕೇರಿಯಲ್ಲಿ ಎಷ್ಟು ಜನಕ್ಕೆ ಏನು ಕಾಯಿಲೆ, ಆ ಕೇರಿಯಲ್ಲಿರುವ ಜನ ಒಟ್ಟು ಎಷ್ಟು ಎಂದು ಬರೆದು ತಿಂಗಳಿಗೊಮ್ಮೆ ವರದಿ ಒಪ್ಪಿಸುವುದು ಅವಳ ಕೆಲಸ. ಗಂಡ ಮೋನಪ್ಪಾಚಾರಿ ಅರಮನೆಯ ಶಿಲ್ಪಿ. ನೂರಾ ಹನ್ನೆರಡು ಪ್ರತಿಮೆಗಳನ್ನೂ ಅವನೇ ಕೆತ್ತಿದ್ದ. ಈಗ ಪ್ರಭುಗಳ ಹುಟ್ಟುಹಬ್ಬಕ್ಕೆಂದು ಮೂವತ್ತು ಅಡಿಯ ನೂರಾ ಹದಿಮೂರನೆಯದು ಎದ್ದು ನಿಂತಿತ್ತು. ಕಿರೀಟದಿಂದ ಪಾದುಕೆಯವರೆಗೆ ಎಲ್ಲ ಮುಗಿದು, ಮೂಗೊಂದು ಬಾಕಿ ಉಳಿದಿತ್ತು.

ಅಂಥ ಹೊತ್ತಿನಲ್ಲಿ ಮೋನಪ್ಪಾಚಾರಿಗೆ ಬಿಕ್ಕಳಿಕೆ ಶುರುವಾಯಿತು. ನೀರು ಕುಡಿಸಿದರು, ಉಸಿರು ಬಿಗಿಹಿಡಿಸಿದರು, ಹಿಂದಿನಿಂದ ಬಂದು ಹೆದರಿಸಿದರು. ಯಾವುದಕ್ಕೂ ಬಗ್ಗಲಿಲ್ಲ. ನಾಲ್ಕು ದಿನ ಅನ್ನ ಗಂಟಲಲ್ಲಿಳಿಯಲಿಲ್ಲ, ನಿದ್ದೆ ಹತ್ತಲಿಲ್ಲ, ಉಳಿ ಹಿಡಿದ ಕೈ ಪ್ರತಿ ಬಿಕ್ಕಳಿಕೆಗೂ ಒಂದು ಅಂಗುಲ ಜಾರುತ್ತಿತ್ತು. ಪ್ರಭುಗಳ ಮೂಗಿಗೆ ಹಾನಿ ಮಾಡಿದವರಿಗೆ ಆ ರಾಜ್ಯದಲ್ಲಿ ಯಾವ ಶಿಕ್ಷೆಯೆಂದು ಬಿಡಿಸಿ ಹೇಳಬೇಕಿಲ್ಲ. ಹುಟ್ಟುಹಬ್ಬಕ್ಕೆ ಇನ್ನು ಹನ್ನೆರಡು ದಿನವಿತ್ತು.

"ಮೂಗು ಮಾತ್ರ ಮುಟ್ಬ್ಯಾಡಿ ಕಣ್ರೀ, ನಿಮ್ಮ ದಮ್ಮಯ್ಯ," ಎಂದಳು ಕಾಳಮ್ಮ. "ಕೇಳಿದ್ರೆ ಕೆನ್ನೆ ನುಣ್ಣಗೆ ಮಾಡ್ತಿದೀನಿ ಅನ್ನಿ."

"ಕೆನ್ನೆ ಉಜ್ಜಿ ಉಜ್ಜಿ... ಹಿಕ್... ಪ್ರಭುಗಳು ಸೊರಗ್ತಾ ಅವ್ರೆ ಕಣೇ. ಇನ್ನೆಲ್ಡು ದಿನ ಉಜ್ಜಿದ್ರೆ... ಹಿಕ್... ದವಡೆ ಕಾಣ್ಸುತ್ತೆ!"

ಬಿಕ್ಕಳಿಕೆ ಅವನೊಬ್ಬನ ಪಾಲಿಗೆ ಬಂದದ್ದಾಗಿರಲಿಲ್ಲ. ಅಷ್ಟರಲ್ಲಾಗಲೇ ರಾಜಧಾನಿಯ ಹತ್ತು ಜನರಲ್ಲಿ ಮೂವರು ಬಿಕ್ಕಳಿಸತೊಡಗಿದ್ದರು. ನ್ಯಾಯಾಧೀಶರು ತೀರ್ಪು ಓದುತ್ತ ಬಿಕ್ಕಳಿಸಿದ್ದರಿಂದ ಒಬ್ಬನಿಗೆ ಎರಡು ವರ್ಷದ ಬದಲು ಎರಡೆರಡು ವರ್ಷ ಶಿಕ್ಷೆಯಾಯಿತು. ಕಾಳಮ್ಮ ಅಂಕಿಗಳನ್ನು ಬರೆದು ಅರಮನೆಗೆ ಕಳುಹಿಸಿದಳು.

ಆಸ್ಥಾನದಲ್ಲಿ ಅಂಕಿಗಳನ್ನು ಕೈಗೆತ್ತಿಕೊಂಡವರು ಪ್ರಚಾರಾಮಾತ್ಯ ಪದ್ಮಶೇಖರರು. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ನಮ್ಮ ನಿಮ್ಮ ಮನೆಗಳಲ್ಲಿ ಹೇಳುವುದುಂಟಷ್ಟೆ. ತಲೆದೂಗಾಪುರದಲ್ಲೂ ಹೇಳುತ್ತಿದ್ದರು. ಅಮಾತ್ಯರು ಅದನ್ನು ಇಲಾಖೆಯ ಮಟ್ಟಕ್ಕೆ ಏರಿಸಿದರು.

"ಪ್ರಭೂ, ಹತ್ತರಲ್ಲಿ ಮೂವರು ಪ್ರಜೆಗಳನ್ನು ಹಗಲಿರುಳು ನೆನೆಯುವ ಹೃದಯ ಈ ಭೂಮಂಡಲದಲ್ಲಿ ಇನ್ನಾರಿಗಿದೆ?"

ಮಹಾರಾಜರು ಸಿಂಹಾಸನದಲ್ಲಿ ಮುಂದಕ್ಕೆ ಸರಿದು ಕುಳಿತರು. "ನಾವು ಅಷ್ಟೊಂದು ಜನರನ್ನು ನೆನೆದೆವೆ? ನಮಗೇ ನೆನಪಿಲ್ಲ."

"ಅದೇ ತಮ್ಮ ದೊಡ್ಡತನ ಪ್ರಭೂ. ಮಾಡಿದ ಉಪಕಾರವನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳುವವರೇ ಅಲ್ಲ."

ಆದರೂ ಡೇಟಾ ಇರಲಿ ಎಂದು ಒಂದು ಅಧ್ಯಯನ ನಡೆಯಿತು. ಸಾವಿರ ಮಂದಿ ಬಿಕ್ಕಳಿಸುವವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಪಕ್ಕದಲ್ಲೂ ಈಟಿ ಹಿಡಿದ ಭಟನನ್ನಿರಿಸಿ, "ಪ್ರಭುಗಳು ನಿಮ್ಮನ್ನು ನೆನೆದದ್ದು ನಿಮಗೆ ಗೊತ್ತಾಯಿತೆ?" ಎಂದು ಕೇಳಲಾಯಿತು. ಸಾವಿರಕ್ಕೆ ಸಾವಿರ ಮಂದಿ ಹೌದೆಂದರು. ಕೆಲವರು ಗಂಟೆ ನಿಮಿಷ ಸಮೇತ ಹೇಳಿದರು. ಮರುದಿನದ ಪತ್ರಿಕಾಗೋಷ್ಠಿಯಲ್ಲಿ ಇದಕ್ಕೆ ರಾಜಸ್ಮರಣ ಬಿಕ್ಕಳಿಕೆಯೆಂದು ನಾಮಕರಣವಾಯಿತು. ಬಿಕ್ಕಳಿಸುವವರಿಗೆ ಎಲ್ಲ ಸರ್ಕಾರಿ ಕ್ಯೂಗಳಲ್ಲೂ ಮೊದಲ ಸ್ಥಾನವೆಂದು ಆಜ್ಞೆ ಹೊರಟಿತು. ಸಂಜೆಯೊಳಗೆ ರೋಗಿಗಳ ಸಂಖ್ಯೆ ದುಪ್ಪಟ್ಟಾಯಿತು. ನಿಜವಾಗಿ ಬಿಕ್ಕಳಿಸುವವನು ಯಾರು, ಗ್ಯಾಸ್ ಕಚೇರಿಯ ಮುಂದೆ ಮಾತ್ರ ಬಿಕ್ಕಳಿಸುವವನು ಯಾರು ಎಂದು ಬೇರ್ಪಡಿಸುವಷ್ಟರಲ್ಲಿ ಕಾಳಮ್ಮನಿಗೆ ಸಾಕುಬೇಕಾಯಿತು.

ಅಂದು ರಾತ್ರಿಯೂಟ ಬಿಟ್ಟು ಕುಳಿತ ಗಂಡನ ಮುಖ ನೋಡಿ ಅವಳಿಗೆ ಮರುಕವಾಯಿತು. ಜೊತೆಗೆ ಸಿಟ್ಟೂ ಬಂತು. ಬಿಕ್ಕಳಿಸುವವರನ್ನಷ್ಟೇ ಕೇಳಿದರೆ ಏನು ತಿಳಿದಂತಾಯಿತು? ಸಾವಿರಕ್ಕೆ ಸಾವಿರ ಮಂದಿಗೂ ಕಿವಿಗಳಿದ್ದವು. ಹಾಗೆಂದು ಕಿವಿಯಿಂದ ಬಿಕ್ಕಳಿಕೆ ಬಂತೆನ್ನಲಾದೀತೆ? ಬಿಕ್ಕಳಿಸದವರನ್ನೂ ಕೇಳಬೇಕು, ಇವರಲ್ಲಿದ್ದು ಅವರಲ್ಲಿಲ್ಲದ್ದು ಏನೆಂದು ಹುಡುಕಬೇಕು ಎಂದುಕೊಂಡಳು.

ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟಳು. ಬಿಕ್ಕಳಿಸುವ ಐವತ್ತು ಜನ, ಅದೇ ಕೇರಿಯ, ಅದೇ ವಯಸ್ಸಿನ, ಬಿಕ್ಕಳಿಸದ ಐವತ್ತು ಜನ. ಎರಡು ಗುಂಪಿಗೂ ಒಂದೇ ಪ್ರಶ್ನೆಗಳು: ಏನು ತಿಂದಿರಿ, ಏನು ಕುಡಿದಿರಿ, ಎಲ್ಲಿಗೆ ಹೋಗಿದ್ದಿರಿ? ಆರೋಗ್ಯವಾಗಿದ್ದವರಿಗೆ ಇದು ಅವಮಾನವೆನಿಸಿತು.

"ನಂಗೇನೂ ಆಗಿಲ್ವಲ್ಲವ್ವ! ನನ್ನ ಯಾಕ್ ಕೇಳ್ತೀಯ?" ಎಂದು ಹೂ ಕಟ್ಟುತ್ತಿದ್ದ ಗಂಗಕ್ಕ ರೇಗಿದಳು.

"ಏನೂ ಆಗಿಲ್ಲ ಅಂತಾನೇ ಕೇಳ್ತಿರೋದು ಕಣಕ್ಕ. ನಿನ್ನಂಥೋರು ಸಿಗದೆ ನಂಗೆ ಏನೂ ಗೊತ್ತಾಗಲ್ಲ. ಹುಟ್ಟುಹಬ್ಬದ ಪಾನಕ ಕುಡಿದ್ಯಾ?"

"ಅಯ್ಯೋ, ಎಲ್ ಕುಡಿಯೋದು? ಆ ಕ್ಯೂ ನೋಡೇ ವಾಪಸ್ ಬಂದೆ."

ಪಾನಕದ ವಿಷಯ ಸ್ವಲ್ಪ ಹೇಳಬೇಕು. ಹುಟ್ಟುಹಬ್ಬದ ಮಾಸಾಚರಣೆಯ ಅಂಗವಾಗಿ ಸರ್ಕಲ್ಲಿಗೊಂದರಂತೆ ರಾಜಕೃಪಾ ಪಾನಕದ ಸ್ಟಾಲುಗಳು ಎದ್ದಿದ್ದವು. ಟೆಂಡರಿಗೆ ಒಂದೇ ಅರ್ಜಿ ಬಂದಿತ್ತು. ಅದನ್ನು ಹಾಕಿದವರು ಮಹಾರಾಜರ ಭಾವಮೈದುನ ಕುಂಭಣ್ಣನವರು. ಬೆಲ್ಲವೆಲ್ಲ ಅವರ ಉಗ್ರಾಣದಲ್ಲೇ ಉಳಿದು, ಪಾನಕದ ಕೊಪ್ಪರಿಗೆಗೆ ಅಡುಗೆ ಸೋಡಾವೂ ಕಾಳುಮೆಣಸೂ ಬೊಗಸೆ ಬೊಗಸೆ ಬೀಳುತ್ತಿದ್ದವು.

ಲೆಕ್ಕ ಮುಗಿದಾಗ ಬಿಕ್ಕಳಿಸುವ ಐವತ್ತರಲ್ಲಿ ಪಾನಕ ಕುಡಿದವರು ನಲವತ್ತೇಳು. ಬಿಕ್ಕಳಿಸದ ಐವತ್ತರಲ್ಲಿ ಆರು. ಮೋನಪ್ಪಾಚಾರಿಗೆ ಕೆಲಸದ ಜಾಗದಲ್ಲೇ ದಿನಕ್ಕೆ ಐದು ಲೋಟ ಸಲ್ಲುತ್ತಿತ್ತು. ಬೇಡವೆನ್ನುವಂತಿರಲಿಲ್ಲ, ಲೋಟದ ಮೇಲೆ ಪ್ರಭುಗಳ ಚಿತ್ರವಿತ್ತು.

ಕಾಳಮ್ಮ ನೂರು ಹೆಸರುಗಳ ಪಟ್ಟಿ ಹಿಡಿದು ಆಸ್ಥಾನಕ್ಕೆ ಬಂದಳು. ಸ್ಟಾಲುಗಳು ಮುಚ್ಚಿದರೆ ಗಂಡನ ಬಿಕ್ಕಳಿಕೆ ನಿಲ್ಲುತ್ತದೆ, ಬಿಕ್ಕಳಿಕೆ ನಿಂತರೆ ತಲೆ ಉಳಿಯುತ್ತದೆ. ಹುಟ್ಟುಹಬ್ಬಕ್ಕೆ ಐದು ದಿನವಿತ್ತು.

ಅಮಾತ್ಯರು ಪಟ್ಟಿ ನೋಡಿ ನಕ್ಕರು. "ಏನಮ್ಮಾ, ರೋಗ ತಿಳಿಯಲು ರೋಗವಿಲ್ಲದವರನ್ನು ಕೇಳಿದೆಯಾ? ನಾಳೆ ಮದುವೆಯ ವಿಚಾರ ಸನ್ಯಾಸಿಗಳನ್ನು ಕೇಳುತ್ತೀಯೇನು?"

ಸಭೆ ಐದು ನಿಮಿಷ ನಕ್ಕಿತು. ಕುಂಭಣ್ಣನವರು ಮಾತ್ರ ನಗಲಿಲ್ಲ. "ಆ ಆರು ಜನ ಕುಡಿದೂ ಬಿಕ್ಕಳಿಸಿಲ್ಲವಲ್ಲ, ಅದಕ್ಕೇನು ಹೇಳ್ತಿ?" ಎಂದು ಗುಡುಗಿದರು.

"ಮಳೇಲಿ ನೆಂದೋರಿಗೆಲ್ಲ ನೆಗಡಿ ಬರಲ್ಲ ಬುದ್ಧಿ. ಬರೋ ಸಂಭವ ಜಾಸ್ತಿ ಅಷ್ಟೇ," ಎಂದಳು ಕಾಳಮ್ಮ. "ನನ್ನ ಮಾತು ನಂಬಬ್ಯಾಡಿ. ಪರೀಕ್ಷೆ ಮಾಡಿ ನೋಡಿ. ಪಾನಕ ಮುಟ್ಟದ ಇಪ್ಪತ್ತು ಭಟರನ್ನು ಕೊಡಿ. ಒಬ್ಬೊಬ್ಬರಿಗೂ ನಾಣ್ಯ ಚಿಮ್ಮಿ, ಪ್ರಭುಗಳ ಮುಖ ಬಿದ್ದರೆ ಪಾನಕ, ಹಿಂಬದಿ ಬಿದ್ದರೆ ಬರೀ ನೀರು. ಯಾರಿಗೆ ಯಾವುದು ಅಂತ ನಾನೂ ಆರಿಸಲ್ಲ, ನೀವೂ ಆರಿಸಬ್ಯಾಡಿ."

ಆಟ ಚೆನ್ನಾಗಿದೆಯೆಂದು ಮಹಾರಾಜರು ಒಪ್ಪಿದರು. ಹುಟ್ಟುಹಬ್ಬದ ಪ್ರಯುಕ್ತ ಅಂದೇ ಬೆಳಿಗ್ಗೆ ಬಿಡುಗಡೆಯಾದ ನಾಣ್ಯವನ್ನು ತರಿಸಿದರು. ಮೊದಲನೆಯ ಭಟನಿಗೆ ಪ್ರಭುಗಳ ಮುಖ ಬಿತ್ತು. ಎರಡನೆಯವನಿಗೂ ಮುಖ. ಏಳನೆಯವನಿಗೂ ಮುಖವೇ ಬಿದ್ದಾಗ ಕಾಳಮ್ಮ ನಾಣ್ಯವನ್ನೆತ್ತಿ ತಿರುಗಿಸಿ ನೋಡಿದಳು. ಎರಡು ಕಡೆಯೂ ಪ್ರಭುಗಳೇ ಇದ್ದರು. ಅವರು ನೆಲಕಚ್ಚಿದರೂ ಮೇಲೇ ಕಾಣುತ್ತಿರಲೆಂದು ಅಮಾತ್ಯರು ಮಾಡಿಸಿದ ಏರ್ಪಾಡು ಅದು. ಇಪ್ಪತ್ತು ಜನಕ್ಕೂ ಪಾನಕವೇ ಪ್ರಾಪ್ತವಾಯಿತು. ನೀರಿನ ಹಂಡೆಯನ್ನು ಯಾರೋ ಗಿಡಕ್ಕೆ ಹಾಕಿದರು.

ಮರುದಿನ ಹತ್ತೊಂಬತ್ತು ಮಂದಿ ಬಿಕ್ಕಳಿಸುತ್ತ ಬಂದು ಸಾಲಾಗಿ ನಿಂತರು. "ಪ್ರಭೂ! ನಿನ್ನೆ ತಾವು ಇವರನ್ನು ಕಣ್ಣಾರೆ ಕಂಡಿರಿ, ನೆನೆದಿರಿ. ಇಂದು ಫಲಿತಾಂಶ ಎದುರಿಗಿದೆ," ಎಂದು ಅಮಾತ್ಯರು ಅಡ್ಡಬಿದ್ದರು. ಮಹಾರಾಜರು ಪರಮ ಸಂತೋಷಗೊಂಡು, ಈವರೆಗೆ ತಾವು ರುಚಿ ನೋಡದಿದ್ದ ಪಾನಕವನ್ನು ತರಿಸಿ ಮೂರು ಲೋಟ ಕುಡಿದರು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಆಸ್ಥಾನದಲ್ಲಿ ಒಂದು ಸದ್ದು ಕೇಳಿಸಿತು.

"ಹಿಕ್," ಎಂದರು ಮಹಾರಾಜರು.

ಅಮಾತ್ಯರ ತಲೆ ಕೂಡಲೇ ಕೆಲಸ ಮಾಡಿತು. "ಜನರು ತಮ್ಮನ್ನು ನೆನೆಯುತ್ತಿದ್ದಾರೆ ಪ್ರಭೂ!"

ಒಂದು ದಿನ ಇದು ಹಿತವಾಗಿತ್ತು. ಎರಡನೆಯ ದಿನ ಪ್ರಭುಗಳಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಕಣ್ಣು ಕೆಂಪಗಾಗಿ, "ಜನ ನಮ್ಮನ್ನು... ಹಿಕ್... ನೆನೆಯುವುದನ್ನು ನಿಲ್ಲಿಸಲಿ!" ಎಂದು ಅರಚಿದರು. ಕೂಡಲೇ ರಾಜವಿಸ್ಮರಣ ಶಾಸನ ಜಾರಿಗೆ ಬಂತು. ಪ್ರಭುಗಳನ್ನು ನೆನೆದವರಿಗೆ ದಂಡ. ನೆನೆಯುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಮೂರು ಸಾವಿರ ಗಣತಿದಾರರು ಮನೆಮನೆಯ ಬಾಗಿಲು ತಟ್ಟಿ, "ಇವತ್ತು ಮಹಾರಾಜರನ್ನು ನೆನೆಸಿಕೊಂಡಿರಾ?" ಎಂದು ಕೇಳಿದರು. ಅಲ್ಲಿಯವರೆಗೆ ಮಹಾರಾಜರ ಗೊಡವೆಯೇ ಇಲ್ಲದೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದವರೂ ಥಟ್ಟನೆ ನೆನೆಸಿಕೊಂಡರು, ದಂಡ ತೆತ್ತರು.

ಇತ್ತ ಅದೇ ಬೆಳಿಗ್ಗೆ ಕಾವಲುಭಟರು ಮೋನಪ್ಪಾಚಾರಿಯನ್ನು ಬಲವಂತವಾಗಿ ಅಟ್ಟಣೆ ಹತ್ತಿಸಿದ್ದರು. ಅವನು ಕಣ್ಣು ಮುಚ್ಚಿ ಉಳಿ ಇಟ್ಟ. ಬಿಕ್ಕಳಿಸಿದ. ಮೂಗು ಮೂರು ತುಂಡಾಗಿ ಕೆಳಗೆ ಬಿತ್ತು. ಸುದ್ದಿ ಕೇಳಿ ಕಾಳಮ್ಮ ಓಡಿಬಂದಳು. ನೋಡಿದರೆ ಅಮಾತ್ಯರು ಗಂಡನಿಗೆ ಶಾಲು ಹೊದಿಸುತ್ತಿದ್ದರು!

"ಮೂಗಿಲ್ಲದ ಮುಖ ಯಾರದೆಂದು ಯಾರಿಗೂ ನೆನಪಾಗದು. ಶಾಸನದ ಆಶಯವನ್ನು ಮೊದಲು ಅರಿತವನು ಈತ," ಎಂದರು ಅಮಾತ್ಯರು. ಉಳಿದ ನೂರಾ ಹನ್ನೆರಡು ಮೂಗುಗಳನ್ನೂ ಅವನೇ ಉರುಳಿಸಬೇಕೆಂದು ಆದೇಶವಾಯಿತು. ಬಿಕ್ಕಳಿಕೆ ನಿಲ್ಲದಿರಲೆಂದು ದಿನಕ್ಕೆ ಹತ್ತು ಲೋಟ ಪಾನಕ ಮಂಜೂರಾಯಿತು. ಗಂಡನ ತಲೆ ಉಳಿಯಿತಲ್ಲ ಎಂದು ಕಾಳಮ್ಮ ಅಲ್ಲೇ ಕುಳಿತು ಅತ್ತಳು. ಅವನೂ ಅತ್ತ. ಇಪ್ಪತ್ತು ವರ್ಷ ಕೂತು ಕೆತ್ತಿದ ಮೂಗುಗಳು ಅವು.

ಮೂಗುಗಳು ಒಂದೊಂದಾಗಿ ಉರುಳತೊಡಗಿದರೂ ಪ್ರಭುಗಳ ಬಿಕ್ಕಳಿಕೆ ನಿಲ್ಲಲಿಲ್ಲ, ಏಕೆಂದರೆ ಗಂಟಲಿಗೆ ತಂಪೆಂದು ಕುಂಭಣ್ಣನವರು ಗಂಟೆಗೊಂದು ಲೋಟ ಪಾನಕ ಕಳುಹಿಸುತ್ತಿದ್ದರು. ಕೊನೆಗೆ ಹುಟ್ಟುಹಬ್ಬದ ದಿನ ಅಮಾತ್ಯರು ಅಂತಿಮ ವರದಿ ಮಂಡಿಸಿದರು. ಪ್ರಭುಗಳಿಗೆ ರೋಗ ಬರುವುದು ಅಸಾಧ್ಯ. ಪ್ರಭುಗಳು ಬಿಕ್ಕಳಿಸುತ್ತಿದ್ದಾರೆ. ಆದ್ದರಿಂದ ಬಿಕ್ಕಳಿಕೆ ರೋಗವಲ್ಲ, ಆರೋಗ್ಯ. ಇನ್ನು ಮುಂದೆ ಯಾರು ಬಿಕ್ಕಳಿಸುವುದಿಲ್ಲವೋ ಅವರನ್ನೇ ರೋಗಿಗಳೆಂದು ಬರೆಯತಕ್ಕದ್ದು. ಅವರಿಗೆ ಚಿಕಿತ್ಸೆ, ಹೊತ್ತಿಗೆರಡು ಲೋಟ ರಾಜಕೃಪಾ ಪಾನಕ. ಬೆಲ್ಲವನ್ನು ಪ್ರಜೆಗಳೇ ಮನೆಗೊಂದು ಅಚ್ಚಿನಂತೆ ತಂದು ಕುಂಭಣ್ಣನವರ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ಸಭೆ ಬಿಕ್ಕಳಿಕೆಗಳ ನಡುವೆ ಸಂದು ಸಿಕ್ಕಾಗಲೆಲ್ಲ ಚಪ್ಪಾಳೆ ತಟ್ಟಿತು.

ರೋಗಿಗಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಿಕ್ಕಳಿಸದ ಐವತ್ತು ಜನರ ಹೆಸರು, ಕೇರಿ, ಮನೆ ಗುರುತು ಕಾಳಮ್ಮನ ಪಟ್ಟಿಯಲ್ಲೇ ಇತ್ತು. ಕೊಡ ಹೊತ್ತ ಭಟರು ಅಲ್ಲಿಂದ ಶುರುಮಾಡಿ, ಅವರ ನೆರೆಹೊರೆ, ನೆಂಟರಿಷ್ಟರು ಎನ್ನುತ್ತ ಹದಿನೈದು ದಿನದಲ್ಲಿ ರಾಜ್ಯವನ್ನೇ ಮುಗಿಸಿದರು. ಕಾಳಮ್ಮ ಛಲ ಬಿಡದೆ ಮತ್ತೆ ಚೀಲ ಹೆಗಲಿಗೇರಿಸಿದಳು. ಪಾನಕ ಕುಡಿಯದ ಒಬ್ಬರಾದರೂ ಸಿಕ್ಕರೆ ಹೋಲಿಸಿ ತೋರಿಸಬಹುದು ಎಂದುಕೊಂಡು ಮೂರು ದಿನ ಕೇರಿಕೇರಿ ಅಲೆದಳು. ಒಬ್ಬರೂ ಸಿಗಲಿಲ್ಲ. ಮನೆಗೆ ಬಂದಾಗ ಭಟರು ಅವಳ ಪಾಲಿನ ಲೋಟ ಹಿಡಿದು ಜಗಲಿಯ ಮೇಲೆ ಕಾಯುತ್ತಿದ್ದರು. ಎಲ್ಲರೂ ಕುಡಿದು ಎಲ್ಲರೂ ಬಿಕ್ಕಳಿಸುತ್ತಿರುವುದರಿಂದ ಪಾನಕಕ್ಕೂ ಬಿಕ್ಕಳಿಕೆಗೂ ಸಂಬಂಧವಿದೆಯೆನ್ನಲು ಯಾವ ಆಧಾರವೂ ಇಲ್ಲವೆಂದು ಅದೇ ವಾರ ಶ್ವೇತಪತ್ರ ಹೊರಬಂತು.

ತಿಂಗಳ ಕೊನೆಗೆ ಕಾಳಮ್ಮ ವರದಿ ಬರೆಯಲು ಕುಳಿತಳು.

"ಈ ತಿಂಗಳು... ಹಿಕ್... ರೋಗಿಗಳು ಎಷ್ಟು ಕಣೇ?" ಎಂದ ಮೋನಪ್ಪಾಚಾರಿ.

"ಒಬ್ಬರೂ ಇಲ್ಲ ಕಣ್ರೀ," ಎನ್ನುತ್ತ ಕಾಳಮ್ಮ ಬಿಕ್ಕಳಿಸಿದಳು. ಬರೆಯುತ್ತಿದ್ದ ಸೊನ್ನೆ ಸೊಟ್ಟಗಾಯಿತು.

ಆ ಸೊಟ್ಟ ಸೊನ್ನೆಗೆ ರಾಜಮುದ್ರೆ ಬಿತ್ತು. ಭೂಮಂಡಲದಲ್ಲೇ ರೋಗವಿಲ್ಲದ ಏಕೈಕ ರಾಜ್ಯವೆಂದು ತಲೆದೂಗಾಪುರದ ಹೆಸರು ಹಬ್ಬಿತು. ಅದರ ಗುಟ್ಟು ತಿಳಿಯಲು ನೆರೆರಾಜ್ಯಗಳಿಂದ ಅಧ್ಯಯನ ತಂಡಗಳು ಬಂದವು. ಬಂದವರಿಗೆ ಗಡಿಯಲ್ಲೇ ಹಾರ ಹಾಕಿ, ಆರತಿ ಎತ್ತಿ, ಬಿಸಿಲಲ್ಲಿ ಬಂದಿದ್ದೀರೆಂದು ಉಪಚರಿಸಿ, ಮೊದಲು ಒಂದೊಂದು ಲೋಟ ಪಾನಕ ಕೊಡಲಾಯಿತು.